ಅಂಗೈಯಲ್ಲಿ ಆಕಾಶ

ಮಳೆಯ ಸುಳಿವು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಸಿಗುತ್ತಿದ್ದುದು ಅಜ್ಜಿಗೆ. ಬೆಂಗಳೂರಿನ ಉತ್ತರಕ್ಕೆ, ಜಕ್ಕೂರಿನ ಸಮೀಪದಲ್ಲಿ ನಮ್ಮ ಮನೆ. ಬೇಸಗೆಯಲ್ಲಿ ಅಜ್ಜಿ ತಾರಸಿಯ ಮೇಲೆ ಹಪ್ಪಳ ಸಂಡಿಗೆಗಳನ್ನು ಹರವಿ, ಕಾಗೆ ಕಾಯಲು ನನ್ನನ್ನು ಕೂರಿಸುತ್ತಿದ್ದಳು. ನನ್ನ ಗಮನವೆಲ್ಲ ಜಕ್ಕೂರಿನ ವಿಮಾನ ತರಬೇತಿ ಶಾಲೆಯಿಂದ ಮೇಲೇರಿ ಬರುತ್ತಿದ್ದ ಪುಟ್ಟ ವಿಮಾನಗಳ ಮೇಲೆ, ಕಾಗೆಗಳ ಮೇಲಲ್ಲ. ಅಜ್ಜಿ ಒಳಗಿನಿಂದ ಬಂದು ಒಮ್ಮೆ ದಿಗಂತದತ್ತ ದಿಟ್ಟಿಸಿ, ಗಾಳಿಯನ್ನು ಮೂಸಿ, “ಎತ್ತಿಡೋ, ಮಳೆ ಬಂತು” ಎನ್ನುತ್ತಿದ್ದಳು. “ಇವತ್ತು ಒಣಹವೆ ಅಂತ ರೇಡಿಯೋದಲ್ಲಿ ಹೇಳಿದ್ದಾರಲ್ಲ ಅಜ್ಜಿ” ಎಂದು ನಾನು ವಾದಿಸಿದರೆ, “ರೇಡಿಯೋದವನು ನಮ್ಮ ತಾರಸಿ ಮೇಲೆ ನಿಂತು ಹೇಳಿದನೇನೋ?” ಎಂದು ನಕ್ಕು ಬಿಡುತ್ತಿದ್ದಳು. ಆ ಮಾತಿನ ಬೆಲೆ ನನಗೆ ತಿಳಿಯಲು ಮೂವತ್ತು ವರ್ಷಗಳೂ ಹದಿಮೂರು ಸಾವಿರ ಕಿಲೋಮೀಟರುಗಳಿಗೂ ಹೆಚ್ಚಿನ ದೂರವೂ ಬೇಕಾದವು.

ವೃತ್ತಿಯಿಂದ ನಾನು ಎಂಜಿನಿಯರ್. ಕೆಲಸ ನನ್ನನ್ನು ಅಮೆರಿಕದ ಕಾನ್ಸಸ್ ರಾಜ್ಯದ ವಿಚಿಟಾ ನಗರಕ್ಕೆ ಕರೆದೊಯ್ದಿತು. ಸೆಸ್ನಾ, ಬೀಚ್ ಮೊದಲಾದ ಹೆಸರಾಂತ ಸಣ್ಣ ವಿಮಾನಗಳು ತಯಾರಾದ ಊರು ಅದು. ಬಾಲ್ಯದಲ್ಲಿ ತಾರಸಿಯ ಮೇಲೆ ಕುಳಿತು ಕಂಡ ಕನಸು ಅಲ್ಲಿ ನನಸಾಯಿತು. ನಾನು ವಿಮಾನ ಹಾರಿಸುವುದನ್ನು ಕಲಿತೆ. ಕಲಿತದ್ದು ಸೆಸ್ನಾ 172 ಎಂಬ ನಾಲ್ಕು ಆಸನಗಳ ವಿಮಾನದಲ್ಲಿ. 1955ರಲ್ಲಿ ಮೊದಲು ಹಾರಿದ ಈ ಮಾದರಿಯ ವಿಮಾನಗಳು ಇದುವರೆಗೆ 44,000ಕ್ಕೂ ಹೆಚ್ಚು ತಯಾರಾಗಿವೆ. ಒಂದೇ ಎಂಜಿನ್, ವೇಗ ಗಂಟೆಗೆ ಸುಮಾರು 200 ಕಿಲೋಮೀಟರು, ಜನ, ಇಂಧನ, ಸಾಮಾನುಗಳೆಲ್ಲ ಸೇರಿದರೂ ತೂಕ ಸಾವಿರದ ನೂರು ಕಿಲೋಗ್ರಾಮಿನ ಆಸುಪಾಸು. ಬಿರುಗಾಳಿಯ ಮುಂದೆ ಅದು ಒಂದು ತರಗೆಲೆಯಷ್ಟೆ.

ನನ್ನ ಗುರುಗಳಿಗೆ ಆಗಲೇ ಎಪ್ಪತ್ತು ದಾಟಿತ್ತು. ಮಾತು ಕಡಿಮೆ. ದಿಕ್ಸೂಚಿ, ಗಡಿಯಾರ, ಭೂಪಟ ಈ ಮೂರೇ ಅವರು ಮೊದಲು ನನ್ನ ಕೈಗೆ ಕೊಟ್ಟ ಸಲಕರಣೆಗಳು. ಆ ಭೂಪಟದಲ್ಲಿ ಒಂದು ಸೆಂಟಿಮೀಟರು ಎಂದರೆ ನೆಲದ ಮೇಲಿನ ಐದು ಕಿಲೋಮೀಟರು. ಕಾನ್ಸಸ್ಸಿನ ಬಯಲಿನಲ್ಲಿ ಹಳ್ಳಿಯ ರಸ್ತೆಗಳು ಮೈಲಿಗೊಂದರಂತೆ ಉತ್ತರ ದಕ್ಷಿಣವಾಗಿ, ಪೂರ್ವ ಪಶ್ಚಿಮವಾಗಿ ಗೆರೆ ಎಳೆದ ಹಾಗೆ ಹಾದುಹೋಗುತ್ತವೆ. ಮೇಲಿನಿಂದ ನೋಡಿದರೆ ಭೂಮಿಗೆ ಚದುರಂಗದ ಹಾಸು ಹಾಸಿದಂತಿರುತ್ತದೆ. “ಆ ಗೆರೆಗಳನ್ನು ನೋಡು, ಗಡಿಯಾರವನ್ನು ನೋಡು, ಎಲ್ಲಿದ್ದೀಯೆಂದು ಹೇಳು” ಎಂದು ಗುರುಗಳು ಹತ್ತು ನಿಮಿಷಕ್ಕೊಮ್ಮೆ ಕೇಳುತ್ತಿದ್ದರು.

ಆದರೆ ಕಾಲ ಬದಲಾಗಿತ್ತು. ಜೊತೆಯ ವಿದ್ಯಾರ್ಥಿಗಳೆಲ್ಲರ ಬಳಿಯೂ ಕೈಯಲ್ಲಿ ಹಿಡಿಯಬಹುದಾದ, ಹಲಗೆಯಾಕಾರದ ಗಣಕವಿತ್ತು. ಅದರ ಪರದೆಯ ಮೇಲೆ ಭೂಪಟ. ಭೂಪಟದ ಮೇಲೆ ಚಲಿಸುವ ಒಂದು ಪುಟ್ಟ ವಿಮಾನದ ಗುರುತು. ಅದು ಜಿಪಿಎಸ್ ವ್ಯವಸ್ಥೆಯ ಕೊಡುಗೆ. ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳು ತಮ್ಮ ಗಡಿಯಾರದ ಸಮಯವನ್ನು ರೇಡಿಯೋ ತರಂಗಗಳ ಮೂಲಕ ಸದಾ ಸಾರುತ್ತಿರುತ್ತವೆ. ತರಂಗ ನಮ್ಮನ್ನು ತಲುಪಲು ತೆಗೆದುಕೊಂಡ ಕಾಲದಿಂದ ದೂರವನ್ನು ತಿಳಿಯಬಹುದು. ಹೀಗೆ ನಾಲ್ಕು ಉಪಗ್ರಹಗಳ ಸಂದೇಶ ಸಿಕ್ಕಿದರೆ ನಾವಿರುವ ಸ್ಥಾನವೂ ಎತ್ತರವೂ ತಿಳಿಯುತ್ತವೆ. ರೇಡಿಯೋ ತರಂಗ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಚಲಿಸುವುದರಿಂದ, ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ತಪ್ಪಿದರೂ ಲೆಕ್ಕ ಮುನ್ನೂರು ಮೀಟರು ತಪ್ಪುತ್ತದೆ. ಇದು ಮೊದಲು ಸೈನ್ಯಕ್ಕಾಗಿ ಹುಟ್ಟಿದ ವ್ಯವಸ್ಥೆ. 1983ರ ಸೆಪ್ಟೆಂಬರಿನಲ್ಲಿ ಕೊರಿಯದ ಪ್ರಯಾಣಿಕ ವಿಮಾನವೊಂದು ದಾರಿ ತಪ್ಪಿ ಸೋವಿಯತ್ ಒಕ್ಕೂಟದ ಗಡಿಯೊಳಗೆ ಹೊಕ್ಕು, ಹೊಡೆದುರುಳಿಸಲ್ಪಟ್ಟು, 269 ಜನ ಮಡಿದರು. ಆಮೇಲೆ ಅಮೆರಿಕ ಈ ಸೌಲಭ್ಯವನ್ನು ನಾಗರಿಕರಿಗೂ ಕೊಡುವುದಾಗಿ ಸಾರಿತು. ನಾಗರಿಕರ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿ ಬೆರೆಸುತ್ತಿದ್ದ ತಪ್ಪನ್ನು 2000ದ ಮೇ ತಿಂಗಳಿನಲ್ಲಿ ನಿಲ್ಲಿಸಿತು.

ನಾನೂ ಅಂಥ ಒಂದು ಗಣಕವನ್ನು ಕೊಂಡೆ. ಜೊತೆಗೆ ಅಂಗೈಯಗಲದ ಒಂದು ಪೆಟ್ಟಿಗೆಯನ್ನೂ ಕೊಂಡೆ. ನೆಲದ ಮೇಲಿನ ಗೋಪುರಗಳಿಂದ ಬಿತ್ತರವಾಗುವ ಹವಾಮಾನದ ವಿವರಗಳನ್ನು ಹಿಡಿದು ಪರದೆಗೆ ಕಳುಹಿಸುವುದು ಅದರ ಕೆಲಸ. ಮುಂದಿನ ನಿಲ್ದಾಣದಲ್ಲಿ ಗಾಳಿ ಎಷ್ಟು, ಮೋಡ ಎಷ್ಟು ಕೆಳಗಿದೆ, ಮಳೆ ಎಲ್ಲಿ ಬೀಳುತ್ತಿದೆ ಎಂಬುದೆಲ್ಲ ಹಾರುತ್ತಿರುವಾಗಲೇ ತಿಳಿಯುತ್ತಿತ್ತು. ಸಣ್ಣ ಮಳೆಗೆ ಹಸಿರು, ಜೋರು ಮಳೆಗೆ ಹಳದಿ, ಬಿರುಮಳೆಗೆ ಕೆಂಪು. ಗುರುಗಳಿಗೆ ತೋರಿಸಿದೆ. ಅವರು ಮೆಚ್ಚಿಕೊಂಡರು. “ಇದಿದ್ದರೆ ಬದುಕುತ್ತಿದ್ದ ಕೆಲವರನ್ನು ನಾನು ಬಲ್ಲೆ” ಎಂದರು. ಆದರೂ ಹಾರುವಾಗ ನಡುನಡುವೆ ತಮ್ಮ ಟೋಪಿಯನ್ನು ಆ ಪರದೆಯ ಮೇಲೆ ಮುಚ್ಚಿ, “ಈಗ ಹೇಳು, ಎಲ್ಲಿದ್ದೇವೆ?” ಎಂದು ಕೇಳುವುದನ್ನು ಮಾತ್ರ ಬಿಡಲಿಲ್ಲ.

ಆ ಪೆಟ್ಟಿಗೆಯ ಉಪಕಾರವನ್ನು ನಾನು ಮರೆಯಲಾರೆ. ಒಂದು ಚಳಿಗಾಲದ ಸಂಜೆ, ನಾನು ಹೋಗಬೇಕಾಗಿದ್ದ ನಿಲ್ದಾಣದಲ್ಲಿ ಮೋಡ ಕೆಳಗಿಳಿಯುತ್ತಿದೆಯೆಂಬುದನ್ನು ಅದು ಒಂದು ಗಂಟೆ ಮೊದಲೇ ತಿಳಿಸಿತು. ನಾನು ನಡುದಾರಿಯ ಊರಿನಲ್ಲಿ ಇಳಿದು ಕ್ಷೇಮವಾಗಿ ಉಳಿದೆ. ಇಂಥ ಎರಡು ಮೂರು ಅನುಭವಗಳಾದ ಮೇಲೆ ನನ್ನ ವಿಶ್ವಾಸ ಬೆಳೆಯಿತು. ವಿಶ್ವಾಸ ಒಳ್ಳೆಯದೇ. ಆದರೆ ಅದು ನನಗರಿವಿಲ್ಲದಂತೆ ಸೋಮಾರಿತನವಾಗಿ ಬದಲಾಗಿತ್ತು. ಕಿಟಕಿಯ ಹೊರಗೆ ನೋಡುವ ಮೊದಲು ಪರದೆಯನ್ನು ನೋಡುವುದು ನನ್ನ ಅಭ್ಯಾಸವಾಯಿತು.

2016ರ ಜೂನ್ ತಿಂಗಳ ಒಂದು ಭಾನುವಾರ. ಹೆಂಡತಿಯನ್ನೂ ಹತ್ತು ವರ್ಷದ ಮಗಳನ್ನೂ ಕರೆದುಕೊಂಡು ಕಾನ್ಸಸ್ ಸಿಟಿಯಿಂದ ವಿಚಿಟಾಕ್ಕೆ ಹಿಂದಿರುಗುತ್ತಿದ್ದೆ. ಮರುದಿನ ಬೆಳಗ್ಗೆ ಕಚೇರಿಯಲ್ಲಿ ಮುಖ್ಯವಾದ ಕೆಲಸವಿತ್ತು. ನೈರುತ್ಯ ದಿಕ್ಕಿಗೆ ಹಾರುತ್ತ ಎಂಪೋರಿಯ ಎಂಬ ಊರನ್ನು ದಾಟಿದೆವು. ಮುಂದೆ ಪರದೆಯ ಮೇಲೆ ಎರಡು ಕೆಂಪು ಮಚ್ಚೆಗಳು ಮೂಡಿದವು. ಅವುಗಳ ನಡುವೆ ಇಪ್ಪತ್ತು ಕಿಲೋಮೀಟರಿನಷ್ಟು ಅಗಲದ ಖಾಲಿ ಜಾಗ. ಅಲ್ಲಿ ಒಂದು ಹನಿ ಹಸಿರೂ ಇರಲಿಲ್ಲ. ಚಿತ್ರದ ಮೂಲೆಯಲ್ಲಿ ‘4 ನಿಮಿಷ’ ಎಂದು ಅದರ ವಯಸ್ಸು ಬರೆದಿತ್ತು. ನಡುವೆ ನುಸುಳಿಬಿಟ್ಟರೆ ಅರ್ಧ ಗಂಟೆಯಲ್ಲಿ ಮನೆ ಎಂದು ಲೆಕ್ಕ ಹಾಕಿ, ವಿಮಾನದ ಮೂತಿಯನ್ನು ಆ ಖಾಲಿ ಜಾಗದ ಕಡೆಗೆ ತಿರುಗಿಸಿದೆ.

ಕಿಟಕಿಯ ಹೊರಗಿನ ನೋಟ ಬೇರೆಯೇ ಇತ್ತು. ಎದುರಿನ ಆಕಾಶ ಒಂದೇ ಗೋಡೆಯಂತೆ ಕಪ್ಪಾಗಿತ್ತು. ನಾನದನ್ನು ನೋಡಲಿಲ್ಲವೆಂದಲ್ಲ, ನೋಡಿದೆ. ನೋಡಿಯೂ, ದೂರದಿಂದ ಹಾಗೆ ಕಾಣುತ್ತಿರಬಹುದು, ಹತ್ತಿರ ಹೋದರೆ ಬೆಳಕಿನ ಸಂದಿ ಕಂಡೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಂದಿಗೂ ನಾಚಿಕೆ ತರುವ ಸಂಗತಿಯೆಂದರೆ ಇದೇ: ನನ್ನ ಕಣ್ಣೂ ಪರದೆಯೂ ಬೇರೆ ಬೇರೆ ಹೇಳಿದಾಗ, ನಾನು ನನ್ನ ಕಣ್ಣನ್ನೇ ಸುಳ್ಳುಗಾರನೆಂದು ತೀರ್ಮಾನಿಸಿದೆ.

ಅಷ್ಟರಲ್ಲಿ ಹಿಂದಿನ ಆಸನದಿಂದ ಮಗಳ ಧ್ವನಿ ಕೇಳಿಸಿತು: “ಅಪ್ಪಾ, ನಾವು ಆ ಕಪ್ಪಿನೊಳಗೇ ಹೋಗೋದಾ?”

ಅವಳ ಮುಂದೆ ಪರದೆಯಿರಲಿಲ್ಲ; ಕಿಟಕಿ ಮಾತ್ರವಿತ್ತು. ಕಂಡದ್ದನ್ನು ಕೇಳಿದಳು, ಅಷ್ಟೆ. ಉತ್ತರ ಹೇಳಲು ನನಗೆ ಬಾಯಿ ಬರಲಿಲ್ಲ. ಅಜ್ಜಿಯ ತಾರಸಿ, ಗಾಳಿಯನ್ನು ಮೂಸುತ್ತಿದ್ದ ಅವಳ ಮುಖ, ಎಲ್ಲಿತ್ತೋ ಏನೋ, ಆ ಕ್ಷಣದಲ್ಲಿ ಕಣ್ಣಮುಂದೆ ಬಂದಿತು. “ಇಲ್ಲ ಮಗು, ಹೋಗೋದಿಲ್ಲ” ಎಂದು ವಿಮಾನವನ್ನು ಹಿಂದಕ್ಕೆ ತಿರುಗಿಸಿದೆ.

ತಿರುಗುತ್ತಿರುವಾಗಲೇ ಮೊದಲ ಹೊಡೆತ ತಗುಲಿತು. ವಿಮಾನ ಒಮ್ಮೆಗೇ ಮೇಲಕ್ಕೆಸೆಯಲ್ಪಟ್ಟು, ಮರುಕ್ಷಣ ಹೊಟ್ಟೆ ಗಂಟಲಿಗೆ ಬರುವಂತೆ ಕೆಳಗೆ ಬಿದ್ದಿತು. ಹೆಂಡತಿ ಮಗಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ನಾನು ರೇಡಿಯೋದಲ್ಲಿ ವಾಯುಸಂಚಾರ ನಿಯಂತ್ರಕರನ್ನು ಕರೆದು ಎಂಪೋರಿಯಕ್ಕೆ ಹಿಂದಿರುಗುತ್ತಿರುವುದಾಗಿ ತಿಳಿಸಿದೆ. ಆ ನಿಲ್ದಾಣ ಯಾವ ದಿಕ್ಕಿಗೆ, ಎಷ್ಟು ದೂರ, ಓಡುದಾರಿ ಎಷ್ಟು ಉದ್ದ ಎಂಬುದನ್ನೆಲ್ಲ ಅದೇ ಗಣಕ ಒಂದೇ ಸ್ಪರ್ಶಕ್ಕೆ ತೋರಿಸಿತು. ಅದರ ಋಣವನ್ನು ಇಲ್ಲಿಯೂ ಒಪ್ಪಿಕೊಳ್ಳಬೇಕು. ಕೆಲವು ನಿಮಿಷಗಳಲ್ಲಿ ಗಾಳಿ ಶಾಂತವಾಯಿತು. ಆಗ ಪರದೆಯ ಮೇಲೆ ಹೊಸ ಚಿತ್ರ ಮೂಡಿತು. ಎರಡು ಮಚ್ಚೆಗಳು ಸೇರಿ ಒಂದಾಗಿದ್ದವು. ನಾನು ಬಾಗಿಲೆಂದು ನಂಬಿದ್ದ ಜಾಗ ಪೂರ್ತಿ ಕೆಂಪಾಗಿತ್ತು.

ಎಂಪೋರಿಯದಲ್ಲಿ ಇಳಿದು, ವಿಮಾನವನ್ನು ನೆಲದ ಕೊಂಡಿಗಳಿಗೆ ಹಗ್ಗದಿಂದ ಬಿಗಿದು ಒಳಗೆ ಹೋಗಿ ಕುಳಿತೆವು. ಮುಕ್ಕಾಲು ಗಂಟೆಯಲ್ಲಿ ಬಿರುಮಳೆ ಅಲ್ಲಿಗೂ ಬಂದಿತು. ಕಿಟಕಿಯ ಗಾಜಿಗೆ ಆಲಿಕಲ್ಲು ಬಡಿಯುವ ಸದ್ದನ್ನು ಕೇಳುತ್ತ ನಾನು ಮಾತಿಲ್ಲದೆ ಕುಳಿತಿದ್ದೆ. ಮರುದಿನದ ಕೆಲಸ ನಾನಿಲ್ಲದೆಯೇ ನಡೆದುಹೋಯಿತು.

ಊರಿಗೆ ಬಂದ ಮೇಲೆ ಗುರುಗಳಿಗೆ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಹೆದರಿದ್ದೆ, ಬೈಯಲಿಲ್ಲ.

“ಚಿತ್ರದ ವಯಸ್ಸು ನೋಡಿದ್ದೆಯಾ?” ಎಂದು ಕೇಳಿದರು.

“ನೋಡಿದ್ದೆ. ನಾಲ್ಕು ನಿಮಿಷ.”

“ಅದು ಲಕೋಟೆಯ ಮೇಲಿನ ಅಂಚೆಮುದ್ರೆಯ ತಾರೀಖು. ಕಾಗದ ಬರೆದದ್ದು ಯಾವಾಗ?”

ನನಗೆ ಉತ್ತರ ಗೊತ್ತಿರಲಿಲ್ಲ. ಅವರೇ ವಿವರಿಸಿದರು. ಅಮೆರಿಕದಲ್ಲಿ ಸುಮಾರು 160 ಹವಾಮಾನ ರೇಡಾರ್ ಕೇಂದ್ರಗಳಿವೆ. ಮಳೆಯ ದಿನ ಒಂದೊಂದು ರೇಡಾರೂ ಆಕಾಶವನ್ನು ಬೇರೆ ಬೇರೆ ಎತ್ತರಗಳಲ್ಲಿ ಪೂರ್ತಿ ಶೋಧಿಸಲು ಹಲವು ನಿಮಿಷಗಳು ಬೇಕು. ಅವೆಲ್ಲ ಕೊಟ್ಟ ತುಂಡುಗಳನ್ನು ಒಂದೆಡೆ ಜೋಡಿಸಿ ದೊಡ್ಡ ಚಿತ್ರ ಮಾಡಬೇಕು. ಆಮೇಲೆ ಅದು ಗೋಪುರಗಳಿಗೆ ಹೋಗಿ, ಅಲ್ಲಿಂದ ವಿಮಾನಕ್ಕೆ ಬರಬೇಕು. ಪರದೆ ತೋರಿಸುವ ವಯಸ್ಸು ಚಿತ್ರವನ್ನು ಜೋಡಿಸಿದ ಹೊತ್ತಿನಿಂದ ಎಣಿಸಿದ್ದು. ರೇಡಾರು ಮೋಡವನ್ನು ಕಂಡ ಹೊತ್ತಿನಿಂದಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲೇ ಜೀವಹಾನಿಯಾದ ಅಪಘಾತಗಳನ್ನು ಉದಾಹರಿಸಿ ಈ ಎಚ್ಚರಿಕೆ ಕೊಟ್ಟಿತ್ತು: ಮಾಹಿತಿಯ ನಿಜವಾದ ವಯಸ್ಸು ಪರದೆ ತೋರಿಸುವುದಕ್ಕಿಂತ ಯಾವಾಗಲೂ ಹೆಚ್ಚು, ಕೆಲವೊಮ್ಮೆ ಅದು ಹದಿನೈದು ಇಪ್ಪತ್ತು ನಿಮಿಷ ಹೆಚ್ಚಾಗಿರಬಹುದು. ಗಂಟೆಗೆ 50 ಕಿಲೋಮೀಟರು ವೇಗದಲ್ಲಿ ಸಾಗುವ ಮಳೆಮೋಡ ಹದಿನೈದು ನಿಮಿಷದಲ್ಲಿ ಹನ್ನೆರಡು ಕಿಲೋಮೀಟರಿಗೂ ಹೆಚ್ಚು ಮುಂದೆ ಹೋಗಿರುತ್ತದೆ. ಇದ್ದಲ್ಲೇ ಹೊಸ ಮೋಡಗಳೂ ಎದ್ದು ಬೆಳೆದಿರುತ್ತವೆ.

“ಊರಿನಿಂದ ಬಂದ ಕಾಗದವನ್ನು ಓದು, ಬೇಡವೆನ್ನುವುದಿಲ್ಲ” ಎಂದರು ಗುರುಗಳು. “ನೂರು ಕಿಲೋಮೀಟರು ದೂರದಲ್ಲಿರುವಾಗಲೇ ಓದಿ, ಬಿರುಮಳೆಯನ್ನು ದೂರದಿಂದ ಸುತ್ತಿಕೊಂಡು ಹೋಗು. ತೀವ್ರವಾದ ಗುಡುಗುಮೋಡದಿಂದ ಇಪ್ಪತ್ತು ಮೈಲಿಯಾದರೂ ಆಚೆಗಿರು. ಎರಡು ಮೋಡಗಳ ನಡುವೆ ದಾರಿ ಹುಡುಕಲು ಮಾತ್ರ ಅದನ್ನು ನಂಬಬೇಡ.”

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬ ಗಾದೆ ನಮ್ಮಲ್ಲಿದೆ. ನಾನು ಪ್ರತ್ಯಕ್ಷವಾಗಿ ಕಂಡದ್ದನ್ನು ತಳ್ಳಿಹಾಕಿ, ಪ್ರಮಾಣಿಸದೆ ಇದ್ದುದನ್ನು ನಂಬಿದ್ದೆ. ಉಪಕರಣ ನನಗೆ ಸುಳ್ಳು ಹೇಳಿರಲಿಲ್ಲ. ಅದು ಹಿಂದೆ ನಿಜವಾಗಿದ್ದುದನ್ನು ಹೇಳಿತ್ತು. ನಾನು ಅದನ್ನು ಈಗಿನ ನಿಜವೆಂದು ಓದಿಕೊಂಡೆ. ತಪ್ಪು ಪೆಟ್ಟಿಗೆಯದಲ್ಲ, ಓದಿದವನದು. ಎಷ್ಟೇ ಜಾಣ ಯಂತ್ರವಾದರೂ ತನಗೆ ಸಿಕ್ಕ ಸುದ್ದಿಯನ್ನು ತಲುಪಿಸಬಲ್ಲದು. ಆ ಸುದ್ದಿ ಎಷ್ಟು ಹಳೆಯದು, ಎಲ್ಲಿಂದ ಬಂದದ್ದು ಎಂದು ಕೇಳುವ ಕೆಲಸ ಮನುಷ್ಯನದು.

ನಾನು ಈಗಲೂ ಹಾರುತ್ತೇನೆ. ಗಣಕವೂ ಪೆಟ್ಟಿಗೆಯೂ ಜೊತೆಯಲ್ಲಿರುತ್ತವೆ. ಬಿಸಿಲಿಗೆ ಗಣಕ ಕಾದು ನಿಂತುಹೋಗಬಹುದು, ವಿದ್ಯುತ್ ಮುಗಿಯಬಹುದು ಎಂದು ಕಾಗದದ ಭೂಪಟವನ್ನೂ ಇಟ್ಟುಕೊಂಡಿರುತ್ತೇನೆ. ಗುರುಗಳು ಈಗ ಹಾರುವುದಿಲ್ಲ. ಅವರ ಹಳೆಯ ಟೋಪಿಯನ್ನು ನನಗೆ ಕೊಟ್ಟಿದ್ದಾರೆ. ಮೋಡ ಕವಿದ ದಿನಗಳಲ್ಲಿ ಅದನ್ನು ತೆಗೆದು ಸ್ವಲ್ಪ ಹೊತ್ತು ಪರದೆಯ ಮೇಲೆ ಮುಚ್ಚಿ, ಹೊರಗಿನ ಆಕಾಶವನ್ನು ನೋಡುತ್ತೇನೆ. ಮಗಳು ಜೊತೆಗಿದ್ದರೆ ಅವಳನ್ನೂ ಕೇಳುತ್ತೇನೆ: “ನಿನ್ನ ಕಿಟಕಿಯಲ್ಲಿ ಏನು ಕಾಣುತ್ತಿದೆ, ಹೇಳು.”