ಹುಟ್ಟೂರಿನ ಪರದೇಶಿ

ಪರದೇಶವಾಸ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಊರು ಬಿಟ್ಟು ಲಂಡನ್ನಿಗೋ ಅಮೆರಿಕೆಗೋ ಹೋಗಿ ನೆಲೆಸಿದ ನಮ್ಮ ಮಕ್ಕಳ ಚಿತ್ರ. ಆದರೆ ತಾನು ಹುಟ್ಟಿದ ಮನೆಯ ಕಟ್ಟೆಯ ಮೇಲೆಯೇ ಕುಳಿತು, ತನ್ನ ಹೊಲದ ಜೋಳದ ರೊಟ್ಟಿಯನ್ನೇ ಉಣ್ಣುತ್ತ, ಕಾನೂನಿನ ದೃಷ್ಟಿಯಲ್ಲಿ ಮಾತ್ರ ಪರದೇಶಿಯಾಗಿ ಬಾಳುವವರೂ ಉಂಟು. ನಮ್ಮ ತಾಂಬಾದಲ್ಲಿ ಅಂತಹವರೊಬ್ಬರು ನನ್ನ ಅಣ್ಣ. ನಮ್ಮ ಕಡೆಯ ಮಾತಿನಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನೆಂಬ ಅರ್ಥವೂ ಇದೆ. ದಿಕ್ಕಿದ್ದೂ ಪರದೇಶಿಯಾಗುವುದು ಹೇಗೆಂಬುದನ್ನು, ಕಾಗದಪತ್ರಗಳಿಗೂ ದೇಹದ ಆರೋಗ್ಯಕ್ಕೂ ಇರುವ ನಂಟು ಎಂತಹುದೆಂಬುದನ್ನು ಅಣ್ಣನ ಬಾಳಿನಿಂದ ನಾನು ತಿಳಿದುಕೊಂಡೆ. ಇಂದು ಮಕ್ಕಳನ್ನು ಹೊರದೇಶಕ್ಕೆ ಕಳಿಸಿದ ಮನೆಗಳು ನಮ್ಮ ಸಮಾಜದಲ್ಲಿ ಬಹಳ. ಅವರಿಗೆ ಉಪಯೋಗವಾದೀತೆಂದು ಈ ನಾಲ್ಕು ಮಾತು.

ಅಣ್ಣ ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜಿನಲ್ಲಿ ಓದಿ 1973ರಲ್ಲಿ ಇಂಗ್ಲೆಂಡಿಗೆ ಹೋದವರು. ಆಗ ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸೇವೆಗೆ ವೈದ್ಯರು ಸಾಲುತ್ತಿರಲಿಲ್ಲ. ಭಾರತದಿಂದ ಹೋದ ವೈದ್ಯರು ಆ ಸೇವೆಗೆ ಹೆಗಲು ಕೊಟ್ಟರು. ಭಾರತದ ವೈದ್ಯ ಪದವಿಗಳಿಗೆ ಅಲ್ಲಿ ದೊರೆಯುತ್ತಿದ್ದ ನೇರ ಮಾನ್ಯತೆ 1975ರಲ್ಲಿ ನಿಂತುಹೋಯಿತು. ಅಷ್ಟರೊಳಗೆ ಅಣ್ಣನಿಗೆ ಕೆಲಸ ಭದ್ರವಾಗಿತ್ತು. ಮಕ್ಕಳು ಅಲ್ಲಿಯೇ ಹುಟ್ಟಿದರು, ಅಲ್ಲಿಯೇ ಬೆಳೆದರು. ಎಂಬತ್ತರ ದಶಕದಲ್ಲಿ ಅಣ್ಣನೂ ವೈನಿಯೂ ಅಲ್ಲಿಯ ಪೌರತ್ವ ಪಡೆದರು. ನಮ್ಮ ದೇಶ ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ. 1955ರ ಪೌರತ್ವ ಕಾಯಿದೆಯ 9ನೆಯ ಕಲಮಿನಂತೆ, ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದೊಡನೆ ಭಾರತದ ಪೌರತ್ವ ತಾನಾಗಿಯೇ ಕಳಚಿ ಬೀಳುತ್ತದೆ. 2012ರಲ್ಲಿ ನಿವೃತ್ತರಾಗಿ ತಾಂಬಾಕ್ಕೆ ಮರಳಿದ ಅಣ್ಣನ ಕಿಸೆಯಲ್ಲಿ ಇದ್ದದ್ದು ಬ್ರಿಟನ್ನಿನ ಪಾಸ್‌ಪೋರ್ಟು ಮತ್ತು ಓ.ಸಿ.ಐ. ಎಂದು ಕರೆಯುವ ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡು.

ಈ ಕಾರ್ಡಿನ ಹೆಸರಿನಲ್ಲಿ 'ನಾಗರಿಕ' ಎಂಬ ಪದವಿದ್ದರೂ ಅದು ಪೌರತ್ವವಲ್ಲ. ಆಜೀವ ಬಂದು ಹೋಗಲು, ಇದ್ದು ಬಾಳಲು ಕೊಟ್ಟ ಪರವಾನಗಿ. ಕಾರ್ಡುಳ್ಳವರು ಪರದೇಶಿಯರಂತೆ ಪೊಲೀಸರಲ್ಲಿ ಹೆಸರು ನೋಂದಾಯಿಸಬೇಕಿಲ್ಲ. ಆದರೆ ಮತ ಹಾಕುವಂತಿಲ್ಲ. ಪಿತ್ರಾರ್ಜಿತ ಹೊಲ ವಾರಸಿನಿಂದ ಬಂದರೆ ಇಟ್ಟುಕೊಳ್ಳಬಹುದು, ಹೊಸದಾಗಿ ಬೇಸಾಯದ ಭೂಮಿ ಕೊಳ್ಳುವಂತಿಲ್ಲ. ಗ್ರಾಮ ಪಂಚಾಯತಿಯ ಚುನಾವಣೆಯ ದಿನ ಊರೆಲ್ಲ ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಬಂದರೆ, ಅಣ್ಣ ಕಟ್ಟೆಯ ಮೇಲೆ ಕುಳಿತು ಎಲ್ಲರ ಬೆರಳು ನೋಡುವರು.

ಕಾಗದದ ಮೊದಲ ತೊಡಕು ಹೆಸರಿನದು. ನಮ್ಮ ಭಾಗದಲ್ಲಿ ಮನುಷ್ಯನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ತುಂಡುಗಳು. ಇಂಗ್ಲೆಂಡಿನವರಿಗೆ ಬೇಕಾದದ್ದು ಎರಡೇ. ಅಣ್ಣನ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಬಿಟ್ಟುಹೋಗಿದೆ, ಹೊಲದ ಉತಾರದಲ್ಲಿ ಇದೆ. ಹೆಸರಿನ ಕೊನೆಯ 'ಅಪ್ಪ'ನಿಗೆ ಇಂಗ್ಲಿಷಿನಲ್ಲಿ ಒಂದು ಕಡೆ ಒಂದು 'ಪಿ', ಇನ್ನೊಂದು ಕಡೆ ಎರಡು. ಎರಡನೆಯ ತೊಡಕು ಹುಟ್ಟಿದ ದಿನದ್ದು. ಅಣ್ಣ ಹುಟ್ಟಿದ್ದು ಸ್ವಾತಂತ್ರ್ಯ ಬಂದ ವರ್ಷದ ಶ್ರಾವಣದಲ್ಲಿ ಎಂದು ಅವ್ವ ಹೇಳುತ್ತಿದ್ದಳು. ಶಾಲೆಯ ದಾಖಲೆಯಲ್ಲಿ ಮಾತ್ರ ಆ ಕಾಲದ ಅನೇಕರಂತೆ ಜೂನ್ 1. ಮೂರನೆಯದು ಹುಟ್ಟಿದ ಸ್ಥಳ. ಅಣ್ಣ ಹುಟ್ಟಿದಾಗ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 2014ರಲ್ಲಿ ಬಿಜಾಪುರ ವಿಜಯಪುರವಾಯಿತು. ಮನುಷ್ಯ ಹುಟ್ಟಿದ ಮನೆ ಕದಲಲಿಲ್ಲ. ಅದರ ವಿಳಾಸ ಮಾತ್ರ ಮೂರು ಸಲ ಬದಲಾಯಿತು. ಇದನ್ನು ದೂರದ ಕಚೇರಿಯ ಗುಮಾಸ್ತನಿಗೆ ತಿಳಿಸಿ ಹೇಳುವುದು ಸುಲಭವಲ್ಲ.

ಬ್ರಿಟನ್ ಸರ್ಕಾರದ ಪಿಂಚಣಿ ಇಲಾಖೆಯಿಂದ ಆಗಾಗ ಅಂಚೆಯಲ್ಲಿ ಒಂದು ನಮೂನೆ ಬರುತ್ತದೆ. ಅದು ಜೀವಿತ ಪ್ರಮಾಣಪತ್ರ. ಪಿಂಚಣಿದಾರ ಬದುಕಿದ್ದಾನೆಂದು ಸಾಕ್ಷಿಯೊಬ್ಬರು ಸಹಿ ಮಾಡಿ ಹಿಂದಿರುಗಿಸಬೇಕು; ಇಲ್ಲವಾದರೆ ಪಿಂಚಣಿ ತಡೆಹಿಡಿಯುವ ಸಂಭವವಿದೆ. ನಮ್ಮಲ್ಲಿಯೂ ನಿವೃತ್ತ ನೌಕರರು ನವೆಂಬರ್ ತಿಂಗಳಲ್ಲಿ ಇಂತಹುದನ್ನೇ ಸಲ್ಲಿಸುತ್ತೇವೆ. 2014ರಿಂದ ಬೆರಳಚ್ಚು ಒತ್ತಿ ಗಣಕಯಂತ್ರದ ಮೂಲಕ ಕೊಡುವ 'ಜೀವನ್ ಪ್ರಮಾಣ್' ವ್ಯವಸ್ಥೆಯೂ ಬಂದಿದೆ. ಅಣ್ಣನ ನಮೂನೆಗೆ ವೈದ್ಯ, ಬ್ಯಾಂಕಿನ ಅಧಿಕಾರಿ, ಶಿಕ್ಷಕ ಮೊದಲಾದವರ ಸಹಿ ನಡೆಯುತ್ತದೆ. ಮೊದಲ ಸಲ ಅದು ಬಂದಾಗ ಅಣ್ಣ ನಗುತ್ತ, "ತಮ್ಮಾ, ನಾ ಇನ್ನೂ ಬದುಕೀನಿ ಅಂತ ನೀನ ಬರದ ಕೊಡು. ನೀನೂ ಮಾಸ್ತರನ ಅಲಾ?" ಎಂದರು. ನಾನು ಕನ್ನಡಕ ಹಾಕಿಕೊಂಡು ನಿಯಮ ಓದಿದೆ. ರಕ್ತಸಂಬಂಧಿಯ ಸಹಿ ನಡೆಯುವುದಿಲ್ಲ. ನಿತ್ಯ ಬೆಳಗಿನಲ್ಲಿ ಆ ಮನುಷ್ಯನ ಕೆಮ್ಮು ಕೇಳಿ ಏಳುವ ನಾನು, ಅವರು ಬದುಕಿದ್ದಾರೆಂದು ಹೇಳಲು ಅರ್ಹನಲ್ಲ! ನನ್ನ ಜೊತೆಯ ನಿವೃತ್ತ ಶಿಕ್ಷಕರೊಬ್ಬರು ಸಹಿ ಮಾಡಿದರು.

ಬರುವ ಪಿಂಚಣಿಯ ಕಥೆಯೂ ವಿಚಿತ್ರ. 2012ರಲ್ಲಿ ಅಣ್ಣನಿಗೆ ಗೊತ್ತಾದ ಪೂರ್ಣ ಮೂಲ ಪಿಂಚಣಿ ವಾರಕ್ಕೆ 107 ಪೌಂಡು 45 ಪೆನ್ಸ್. ಬ್ರಿಟನ್ನಿನಲ್ಲಿಯೇ ಇದ್ದವರಿಗೆ ಅದು ವರ್ಷವರ್ಷವೂ ಏರಿ 2025-26ರಲ್ಲಿ 176 ಪೌಂಡು 45 ಪೆನ್ಸ್ ಆಯಿತು. ಅಣ್ಣನಿಗೆ ಇಂದಿಗೂ ಅದೇ 107 ಪೌಂಡು 45 ಪೆನ್ಸ್. ಯುರೋಪಿನ ದೇಶಗಳಲ್ಲಿ, ಅಮೆರಿಕದಲ್ಲಿ ನೆಲೆಸಿದ ಬ್ರಿಟಿಷ್ ವೃದ್ಧರಿಗೆ ಏರಿಕೆ ಸಿಗುತ್ತದೆ. ಭಾರತ, ಕೆನಡಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಗಳಲ್ಲಿ ನೆಲೆಸಿದವರಿಗೆ ಸಿಗುವುದಿಲ್ಲ. ಇಂತಹವರು ಜಗತ್ತಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು. ದಕ್ಷಿಣ ಆಫ್ರಿಕದಲ್ಲಿ ನೆಲೆಸಿದ ಆನೆಟ್ ಕಾರ್ಸನ್ ಎಂಬ ಮಹಿಳೆ ಇದನ್ನು ಪ್ರಶ್ನಿಸಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋದರು. 2010ರ ಮಾರ್ಚಿಯಲ್ಲಿ ತೀರ್ಪು ಅವರ ವಿರುದ್ಧವಾಯಿತು. ಅಣ್ಣನಿಗೆ ವೈದ್ಯ ವೃತ್ತಿಯ ಪಿಂಚಣಿ ಬೇರೆ ಇದೆ, ಅದು ಬೆಲೆಯೊಂದಿಗೆ ಏರುತ್ತದೆ. ಆದುದರಿಂದ ಅವರಿಗೆ ಕಷ್ಟವಿಲ್ಲ. ಅದಿಲ್ಲದವರ ಪಾಡನ್ನು ಊಹಿಸಬೇಕು.

ಇನ್ನು ಆರೋಗ್ಯ. 1948ರಲ್ಲಿ ಆರಂಭವಾದ ಅಲ್ಲಿಯ ಆರೋಗ್ಯ ಸೇವೆ ಉಚಿತವೆಂದು ನಾವೆಲ್ಲ ಕೇಳಿದ್ದೇವೆ. ಅದು ಉಚಿತವಾಗಿರುವುದು ಅಲ್ಲಿ ವಾಸಿಸುವವರಿಗೆ. ಪಾಸ್‌ಪೋರ್ಟು ಹೊಂದಿದವರಿಗೆಲ್ಲ ಅಲ್ಲ. ಮೂವತ್ತೊಂಬತ್ತು ವರ್ಷ ಅದೇ ಸೇವೆಯಲ್ಲಿ ದುಡಿದ ಅಣ್ಣ, ಮಕ್ಕಳನ್ನು ಕಾಣಲು ಎರಡು ತಿಂಗಳು ಹೋದಾಗ ಕಾಯಿಲೆ ಬಿದ್ದರೆ ತುರ್ತು ವಿಭಾಗದಲ್ಲಿ ನೋಡುವುದು ಉಚಿತ. ಒಳರೋಗಿಯಾಗಿ ಸೇರಿಸಿಕೊಂಡರೆ ಇಂಗ್ಲೆಂಡಿನಲ್ಲಿ 2015ರಿಂದ ವೆಚ್ಚದ ಒಂದೂವರೆ ಪಟ್ಟು ಹಣ ಕೊಡಬೇಕು. ಇಲ್ಲಿಗೆ ಬಂದಾಗ ಅಣ್ಣನಿಗೆ 65 ತುಂಬಿತ್ತು, ರಕ್ತದೊತ್ತಡವಿತ್ತು. ಯಾವ ವಿಮೆಯವರೂ ಒಪ್ಪಲಿಲ್ಲ. ಹೊಸ ಆರೋಗ್ಯ ವಿಮೆಗೆ ಇದ್ದ ವಯಸ್ಸಿನ ಮಿತಿಯನ್ನು ನಿಯಂತ್ರಣ ಪ್ರಾಧಿಕಾರವು 2024ರ ಏಪ್ರಿಲ್‌ನಿಂದ ತೆಗೆದುಹಾಕಿದೆ. ಮೊದಲೇ ಇದ್ದ ಕಾಯಿಲೆಗೆ ಕಾಯಬೇಕಾದ ಗರಿಷ್ಠ ಅವಧಿಯನ್ನೂ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿದೆ. ಅಣ್ಣನ ಆಪತ್ತು ಅದಕ್ಕೂ ಮೂರು ತಿಂಗಳು ಮೊದಲೇ ಬಂದಿತು.

2024ರ ಜನವರಿ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಸಜ್ಜೆರೊಟ್ಟಿ, ಭಜ್ಜಿ, ಕಡಬು ಉಂಡು ಬಂದಿದ್ದೆವು. ರಾತ್ರಿ ಹನ್ನೊಂದರ ಸುಮಾರಿಗೆ ಅಣ್ಣನಿಗೆ ದವಡೆ ನೋವು, ಎಡತೋಳಿನಲ್ಲಿ ಸೆಳೆತ, ಮೈಯೆಲ್ಲ ಬೆವರು. ವೈದ್ಯರಾದುದರಿಂದ ಅವರಿಗೆ ತಿಳಿದುಹೋಯಿತು. "ಉಂಡದ್ದು ಹೆಚ್ಚಾಗಿಲ್ಲ ತಮ್ಮಾ, ಇದು ಎದೀದು. ಗಾಡಿ ತರಸು," ಎಂದರು. ನೆರೆಮನೆಯವರ ಕಾರಿನಲ್ಲಿ ವಿಜಯಪುರಕ್ಕೆ ಹೊರಟೆವು. ಹೃದಯದ ನಾಳ ಕಟ್ಟಿಕೊಂಡಾಗ ಮೊದಲ ಕೆಲವು ಗಂಟೆಗಳಲ್ಲಿ ರಕ್ತದ ಹರಿವನ್ನು ತೆರೆದಷ್ಟೂ ಹೃದಯದ ಸ್ನಾಯು ಉಳಿಯುತ್ತದೆ. ಆಸ್ಪತ್ರೆಯೊಂದರ ಕಟ್ಟೆಯಲ್ಲಿ ಗುರುತಿನ ಚೀಟಿ ಕೇಳಿದರು. ಆಧಾರಿನ ಹೆಸರಿಗೂ ಪಾಸ್‌ಪೋರ್ಟಿನ ಹೆಸರಿಗೂ ತಾಳೆಯಾಗಲಿಲ್ಲ. ಪರದೇಶದ ಪಾಸ್‌ಪೋರ್ಟು ಕಂಡೊಡನೆ ಮುಂಗಡ ಹಣದ ಮೊತ್ತವೂ ಏರಿತು. ನಾನು ಅಲ್ಲಿ ಮಾತಿಗೆ ಮಾತು ಬೆಳೆಸುತ್ತಿರುವಾಗ ವೈನಿ ತಮ್ಮ ಕೈಚೀಲದಿಂದ ಒಂದು ಹಾಳೆ ತೆಗೆದು ನೇರವಾಗಿ ಒಳಗಿದ್ದ ವೈದ್ಯರ ಕೈಗೆ ಕೊಟ್ಟರು. ಮನೆಯಲ್ಲಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದ ಆ ಹಾಳೆಯಲ್ಲಿ ಅಣ್ಣನ ರಕ್ತದ ಗುಂಪು, ನಿತ್ಯ ತೆಗೆದುಕೊಳ್ಳುವ ಗುಳಿಗೆಗಳ ಮೂಲ ಹೆಸರು ಹಾಗೂ ಪ್ರಮಾಣ, ಪೆನಿಸಿಲಿನ್ ಒಗ್ಗದೆಂಬ ಸೂಚನೆ, ಹಿಂದಿನ ಹೃದಯ ಪರೀಕ್ಷೆಯ ದಿನಾಂಕ ಎಲ್ಲವೂ ಇದ್ದವು. ಆ ತರುಣ ವೈದ್ಯರು ಅದನ್ನು ಓದಿ, "ಕಾಗದ ಆಮೇಲೆ ನೋಡೋಣ, ಒಳಗ ಕರಕೊಂಡು ಬರ್ರಿ," ಎಂದರು. ಬೆಳಗಾಗುವುದರೊಳಗೆ ನಾಳದಲ್ಲಿ ಸ್ಟೆಂಟ್ ಕೂತಿತ್ತು.

ಅಣ್ಣನ ಮಗ ಮೂರನೆಯ ದಿನ ಬಂದ. ಅವನ ಓ.ಸಿ.ಐ. ಕಾರ್ಡು ಸರಿಯಾಗಿದ್ದುದರಿಂದ ವೀಸಾಕ್ಕಾಗಿ ಕಾಯಬೇಕಾಗಲಿಲ್ಲ. ಬ್ರಿಟನ್ನಿನ ದೂತಾವಾಸವು ತನ್ನ ಪ್ರಜೆಯ ಆಸ್ಪತ್ರೆಯ ಬಿಲ್ಲು ಕಟ್ಟುವುದಿಲ್ಲ. ಹಣವೆಲ್ಲ ಅಣ್ಣನ ಉಳಿತಾಯದಿಂದಲೇ ಹೋಯಿತು. ಮಗ ನನ್ನನ್ನು ಬದಿಗೆ ಕರೆದು, "ಕಾಕಾ, ನೀವು ಹೇಳ್ರಿ. ಅಪ್ಪಾಜಿ ವಾಪಸ್ ಬಂದು ಅಲ್ಲೇ ಇದ್ದರ ಮೊದಲ ದಿನದಿಂದನ ಔಷಧೋಪಚಾರ ಉಚಿತ. ಪಿಂಚಣೀನೂ ಇವತ್ತಿನ ದರಕ್ಕ ಏರತೈತಿ," ಎಂದ. ಅವನು ಹೇಳಿದ್ದು ಅಕ್ಷರಶಃ ನಿಜ. ನೆಲೆಸಲು ಮರಳಿದವರಿಗೆ ಅಲ್ಲಿಯ ಕಾನೂನು ಹಾಗೆಯೇ ಇದೆ. ಲೆಕ್ಕ ಹಾಕಿದರೆ ಹೋಗುವುದೇ ಲಾಭ. ಅಣ್ಣ ಒಂದು ವಾರ ಯಾವ ಉತ್ತರವನ್ನೂ ಕೊಡಲಿಲ್ಲ. ಕೊನೆಗೆ ಇಲ್ಲಿಯೇ ಇರುವೆನೆಂದರು. ವೈನಿ ಒಂದು ಶರತ್ತು ಹಾಕಿದರು: "ಇರೋಣ. ಆದರ ನಿಮಗ ಏನು ಬೇಕು, ಏನು ಬ್ಯಾಡ ಅನ್ನೂದು ಬಾಯಿಮಾತಿನಾಗ ಬ್ಯಾಡ, ಕಾಗದದಾಗ ಬರೀರಿ. ನಾಳೆ ಮಗಾ ಒಂದು ಹೇಳ್ತಾನ, ಮೈದುನಾ ಒಂದು ಹೇಳ್ತಾನ. ನಡುವ ನಾ ಏನು ಮಾಡಲಿ?"

ಆ ಮಾತಿನಿಂದ ಅಣ್ಣ ಮುಂಗಡ ವೈದ್ಯಕೀಯ ನಿರ್ದೇಶನ ಬರೆಯಲು ಕುಳಿತರು. ಚೇತರಿಕೆಯ ಆಸೆಯಿಲ್ಲದ ಸ್ಥಿತಿಯಲ್ಲಿ ಕೇವಲ ಯಂತ್ರಗಳಿಂದ ಉಸಿರನ್ನು ಮುಂದುವರಿಸಬೇಕೇ ಬೇಡವೇ ಎಂಬುದನ್ನು ಮನುಷ್ಯನು ಬುದ್ಧಿ ಸ್ಥಿಮಿತದಲ್ಲಿರುವಾಗಲೇ ಬರೆದಿಡುವುದಕ್ಕೆ ನಮ್ಮ ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಮಾನ್ಯತೆ ನೀಡಿತು. 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಪಡೆದರೆ ಸಾಕು. ಬರೆದವರು ತಾವೇ ಹೇಳಲಾಗದ ಸ್ಥಿತಿಯಲ್ಲಿದ್ದಾಗ ಅವರ ಪರವಾಗಿ ಮಾತನಾಡುವವರ ಹೆಸರನ್ನು ಅದರಲ್ಲಿ ಸೂಚಿಸಬೇಕು. ಚಿಕಿತ್ಸೆ ನಿಲ್ಲಿಸುವ ಮುನ್ನ ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಇದನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ಇದು ಪ್ರಾಣ ತೆಗೆಯುವುದಲ್ಲ. ಹೋಗುವ ಪ್ರಾಣವನ್ನು ನಿಷ್ಫಲವಾಗಿ ಹಿಡಿದು ಹಿಂಸಿಸದಿರುವುದು.

ಆ ಪತ್ರದಲ್ಲಿ ಅಣ್ಣ ವೈನಿಯ ಹೆಸರಿನೊಂದಿಗೆ ನನ್ನ ಹೆಸರನ್ನೂ ಬರೆದರು. ಎರಡು ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅವರು ಬದುಕಿದ್ದಾರೆಂದು ಹೇಳಲು ನನ್ನ ಸಹಿ ನಡೆಯದು. ಇನ್ನು ಸಾಕೆಂದು ಹೇಳಲು ಮಾತ್ರ ನನ್ನ ಮಾತು ಬೇಕು. "ಮಗನ್ನ ಹೆಸರು ಬರೀಬಾರದಿತ್ತೇನು?" ಎಂದು ಕೇಳಿದೆ. "ಅಂವಾ ಬರೂತನಾ ಮೂರು ದಿನ ಬೇಕು. ಮತ್ತ ಅಂವಗ ಬಿಡು ಅನ್ನಾಕ ಬಾಯಿ ಬರೂದಿಲ್ಲ. ನಿನಗೂ ಬರೂದಿಲ್ಲ ಅಂತ ಗೊತ್ತೈತಿ. ಅದಕ್ಕ ನಾನ ಬರದ ಇಟ್ಟೀನಿ, ನೀ ಓದಿ ಹೇಳಿದರ ಸಾಕು," ಎಂದರು. ಹೊಣೆಯ ಭಾರವೆಲ್ಲ ಅವರೇ ಹೊತ್ತು, ಓದುವ ಕೆಲಸವಷ್ಟನ್ನು ನನಗೆ ಬಿಟ್ಟಿದ್ದರು. ಮೂರನೆಯ ದಿನ ನಾನು ಒಪ್ಪಿದೆ.

ನಮ್ಮ ಹಿರಿಯರು ತಾಳೆಗರಿಯ ಕಟ್ಟುಗಳನ್ನು ಬಟ್ಟೆಯಲ್ಲಿ ಸುತ್ತಿ ಮನೆಯಲ್ಲಿ ಜೋಪಾನ ಮಾಡಿದ್ದರು. ಹಾಗೆ ಉಳಿದುದರಿಂದಲೇ ವಿಜಯಪುರದ ಫ. ಗು. ಹಳಕಟ್ಟಿಯವರು ಅವನ್ನು ಹುಡುಕಿ ತಂದು 1923ರಲ್ಲಿ 'ವಚನ ಶಾಸ್ತ್ರಸಾರ'ದ ಮೊದಲ ಭಾಗವನ್ನು ಅಚ್ಚು ಮಾಡಿಸಲು ಸಾಧ್ಯವಾಯಿತು. ಬರೆದದ್ದನ್ನು ಕಾಯುವ ಆ ಗುಣ ನಮ್ಮ ಮನೆಗಳಿಗೆ ಹೊಸದೇನಲ್ಲ. ಹೊರದೇಶದಲ್ಲಿ ಮಕ್ಕಳಿರುವ ತಂದೆತಾಯಿಗಳು, ಹೊರದೇಶದಿಂದ ಮರಳಿದ ಹಿರಿಯರು ಇಷ್ಟನ್ನಾದರೂ ಮಾಡಬೇಕು. ಆಧಾರ್, ಪಾಸ್‌ಪೋರ್ಟು, ಉತಾರ, ಬ್ಯಾಂಕಿನ ಪುಸ್ತಕ ಇವೆಲ್ಲದರಲ್ಲಿ ಹೆಸರು ಒಂದೇ ರೀತಿ ಇರುವಂತೆ, ಆರೋಗ್ಯವಾಗಿರುವಾಗಲೇ ತಿದ್ದಿಸಿಕೊಳ್ಳಬೇಕು. ಗುಳಿಗೆಗಳ ಪಟ್ಟಿ, ರಕ್ತದ ಗುಂಪು, ಒಗ್ಗದ ಔಷಧ, ಮಕ್ಕಳ ಫೋನ್ ಸಂಖ್ಯೆ ಒಂದೇ ಹಾಳೆಯಲ್ಲಿರಬೇಕು. ಆ ಹಾಳೆ ಎಲ್ಲಿದೆಯೆಂದು ಮನೆಯ ಹೆಂಗಸರಿಗೂ ನೆರೆಮನೆಯವರಿಗೂ ಗೊತ್ತಿರಬೇಕು. ಮರಣವಾದರೆ 21 ದಿನಗಳೊಳಗೆ ನೋಂದಾಯಿಸಬೇಕೆಂಬುದನ್ನು, ಪೌರತ್ವ ಯಾವ ದೇಶದ್ದಾದರೂ ನೋಂದಣಿ ಇಲ್ಲಿಯೇ ಆಗಬೇಕೆಂಬುದನ್ನು ಮಕ್ಕಳಿಗೆ ತಿಳಿಸಿಡಬೇಕು.

ಅಣ್ಣ ಈಗ ಬೆಳಿಗ್ಗೆ ಹೊಲದವರೆಗೆ ನಡೆದು ಬರುತ್ತಾರೆ. ದಾರಿಯಲ್ಲಿ ಸಿಕ್ಕವರ ನಾಡಿ ನೋಡುತ್ತಾರೆ, ಗುಳಿಗೆ ಬಿಡಬೇಡವೆಂದು ಗದರುತ್ತಾರೆ. ವೈನಿಯ ಹಾಳೆಯನ್ನು ನೋಡಿ ನಮ್ಮ ಓಣಿಯ ಹನ್ನೊಂದು ಮನೆಗಳಲ್ಲಿ ಅಂತಹುದೇ ಹಾಳೆ ಬರೆದುಕೊಂಡಿದ್ದಾರೆ. ಅಕ್ಷರ ಬಾರದ ಇಬ್ಬರು ಮುದುಕಿಯರಿಗೆ ನಾನೇ ಬರೆದು ಕೊಟ್ಟೆ.