ಚಚಡಿ ದಾರಿಯಲ್ಲಿ ಡಿಕ್ಕಿ

ನಮ್ಮ ಸಿನಿಮಾಗಳಲ್ಲಿ ಕಾರು ಕೆಡುವುದು ಎರಡೇ ಕಾರಣಕ್ಕೆ. ಒಂದೋ ನಾಯಕಿ ಸಿಗಬೇಕು, ಇಲ್ಲವೇ ಮಳೆ ಬರಬೇಕು. ಬಾನೆಟ್ಟಿನಿಂದ ಹೊಗೆ ಏಳುತ್ತದೆ, ನಾಯಕ ಡಬ್ಬಿ ಹಿಡಿದು ಕೆರೆ ಕಡೆ ಹೋಗುತ್ತಾನೆ, ಅಲ್ಲಿ ಆಕೆ ಇರುತ್ತಾಳೆ, ಹಾಡು ಶುರು. ಹಾಡು ಮುಗಿಯುವಷ್ಟರಲ್ಲಿ ಕಾರು ತಾನೇ ರಿಪೇರಿ! ಸ್ಟೆಪ್ನಿಯಲ್ಲಿ ಗಾಳಿ ಇದೆಯೋ ಇಲ್ಲವೋ ಅಂತ ಒತ್ತಿ ನೋಡಿದ ಹೀರೋನನ್ನು ನಾನಂತೂ ಕಂಡಿಲ್ಲ. ನೀವು ಕಂಡಿದ್ದರೆ ಒಂದು ಕಾರ್ಡು ಬರೆದು ಹಾಕಿ.

ಈ ತಮಾಷೆ ನನಗೆ ಹೊಳೆದದ್ದು ಥಿಯೇಟರಿನಲ್ಲಲ್ಲ. ಚಚಡಿಯ ಹತ್ತಿರ, ಕಬ್ಬಿನ ಹೊಲದ ಪಕ್ಕ, ಅಂಗೈಯಲ್ಲಿ ಇನ್ನೊಬ್ಬರ ರಕ್ತ ಹಿಡಿದು ನಿಂತಿದ್ದಾಗ.

ಚಚಡಿ ಎಲ್ಲಿದೆ ಅಂತ ದಕ್ಷಿಣದ ಓದುಗರು ಕೇಳಬಹುದು. ಬೆಳಗಾವಿ ಜಿಲ್ಲೆಯಲ್ಲಿ, ಬೈಲಹೊಂಗಲ ಸವದತ್ತಿ ಸೀಮೆಯ ಎರೆ ನೆಲದ ಊರು. ದೇಸಾಯರ ವಾಡೆ ಇರುವ ಊರು. "ಹಳೇ ವಾಡೆಗಳ ಮೇಲೆ ಒಂದು ಲೇಖನ ಮಾಡು, ಶೂಟಿಂಗಿಗೆ ಜಾಗ ಹುಡುಕೋರು ಓದ್ತಾರೆ" ಅಂತ ಒಬ್ಬರು ಹೇಳಿದ್ದರು. ಪಿಯುಸಿ ಅರ್ಧಕ್ಕೆ ಬಿಟ್ಟು ಪೆನ್ನು ಹಿಡಿದವನಿಗೆ ಇಂಥ ಮಾತು ಸಾಕಲ್ಲ! ದಾವಣಗೆರೆಯಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗೆಳೆಯನ ಸೆಕೆಂಡ್ ಹ್ಯಾಂಡ್ ಕಾರು ಹತ್ತಿದೆ. ಹಿಂದಿನ ಗಾಜಿನ ತುಂಬ ಅವನ ಹೀರೋ ಚಿತ್ರ. ಡಿಕ್ಕಿಯ ತುಂಬ ಸ್ಪೀಕರು. ಆ ಸ್ಪೀಕರಿಗೆ ಅವನು ಕೊಟ್ಟ ದುಡ್ಡಲ್ಲಿ ನಾಲ್ಕೂ ಟೈರು ಹೊಸವು ಬರುತ್ತಿದ್ದವು.

ಹೆದ್ದಾರಿ ಹಿಡಿದು ಕಿತ್ತೂರಿಗೆ ಬಂದು, ಕೋಟೆ ನೋಡಿದೆವು. 1961ರಲ್ಲಿ ಬಿ.ಆರ್. ಪಂತುಲು ಅವರ ಸಿನಿಮಾದಲ್ಲಿ ಚೆನ್ನಮ್ಮನಾಗಿ ನಿಂತ ಬಿ. ಸರೋಜಾದೇವಿಯವರ ಮುಖವೇ ಆ ಹಾಳು ಗೋಡೆಗಳ ಮುಂದೆಯೂ ಕಣ್ಣಿಗೆ ಕಟ್ಟುತ್ತದೆ, ಏನು ಮಾಡೋಣ! ಬೈಲಹೊಂಗಲದಲ್ಲಿ ರಾಣಿಯ ಸಮಾಧಿಗೆ ಕೈ ಮುಗಿದು, ಮಿರ್ಚಿ ತಿಂದು, ಚಹಾ ಕುಡಿದು ಹೊರಟಾಗ ಸಂಜೆ. ಮಾಘ ಮಾಸ. ಭರತ ಹುಣ್ಣಿಮೆ ಹತ್ತಿರ ಬಂದಿತ್ತು. ಯಲ್ಲಮ್ಮನ ಗುಡ್ಡಕ್ಕೆ ಹೋಗುವ ಚಕ್ಕಡಿಗಳು ಅಲ್ಲೊಂದು ಇಲ್ಲೊಂದು. ಕಬ್ಬು ಹೇರಿದ ಟ್ರ್ಯಾಕ್ಟರುಗಳಂತೂ ಸಾಲು ಸಾಲು. ಒಂದೊಂದಕ್ಕೆ ಎರಡೆರಡು ಟ್ರೇಲರು. ಎಷ್ಟೋ ಟ್ರೇಲರುಗಳ ಹಿಂದೆ ಒಂದು ಕೆಂಪು ದೀಪವೂ ಇಲ್ಲ.

ಊರು ಇನ್ನೇನು ಬಂತು ಅನ್ನುವಾಗ ಎಡಗಡೆ ಹಿಂದಿನ ಟೈರು ಠುಸ್ ಅಂತು.

ಗೆಳೆಯ ಕಾರನ್ನು ಬದಿಗೆ ಇಳಿಸಿದ. ಕಬ್ಬಿಗೆ ಬಿಟ್ಟ ನೀರು ಹರಿದು ಬದಿ ಮಣ್ಣು ಹಸಿಯಾಗಿತ್ತು. ಹಾಗಾಗಿ ಅರ್ಧ ಕಾರು ಮಣ್ಣಲ್ಲಿ, ಅರ್ಧ ಡಾಂಬರಿನ ಮೇಲೆ. "ಹತ್ತು ನಿಮಿಷದ ಕೆಲಸ" ಅಂದ. ಬೇಜಾರಾಗಬಾರದು ಅಂತ ಇಂಜಿನ್ ಬಂದ್ ಮಾಡಿ ಹಾಡು ಹಾಕಿದ. ಸ್ಪೀಕರು ಗುಮ್ ಗುಮ್! ಜಾಕ್ ತಿರುವಿದರೆ ಕಾರು ಏಳಲೊಲ್ಲದು, ಜಾಕೇ ಮಣ್ಣೊಳಗೆ ಇಳಿಯುತ್ತಿದೆ. ಮೇಲೆತ್ತಿ ಕಲ್ಲಿಟ್ಟು ತಿರುವಿದೆವು. ಕಲ್ಲೂ ಇಳಿಯಿತು. ಒಂದು ತಾಸಿಗೂ ಹೆಚ್ಚು ಇದೇ ಆಟ. ಹೊಲದಿಂದ ಮನೆಗೆ ಹೊರಟಿದ್ದ ಒಬ್ಬ ಅಜ್ಜ ಚಕ್ಕಡಿ ನಿಲ್ಲಿಸಿ, ಬೀಡಿ ಹಚ್ಚಿ, ಸ್ವಲ್ಪ ಹೊತ್ತು ನಮ್ಮ ಸರ್ಕಸ್ಸು ನೋಡಿದರು.

"ಯಾವೂರವ್ರಪಾ?"

"ದಾವಣಗೆರೆ ಕಡೆಯವ್ರು ಯಜಮಾನ್ರೇ."

"ಇದು ಎರಿ ಮಣ್ಣೈತಿ ತಮ್ಮಾ. ಹಸಿ ಇದ್ದಾಗ ಕಲ್ಲು ನುಂಗತೈತಿ. ಹಲಗಿ ಐತೇನು ಗಾಡ್ಯಾಗ?"

"ಇಲ್ಲ."

"ಹಗ್ಗ?"

"ಇಲ್ಲ."

"ಬ್ಯಾಟ್ರಿನಾರ ಐತೇನು?"

ಅವರು ಕೇಳಿದ್ದು ಟಾರ್ಚು. ಗೆಳೆಯ ಮೊಬೈಲ್ ತೋರಿಸಿದ. ಅಜ್ಜ ಡಿಕ್ಕಿಯ ಕಡೆ ಬಂದು ಇಣುಕಿ, ಸ್ಪೀಕರಿನ ಪೆಟ್ಟಿಗೆ ತಟ್ಟಿ, "ಮತ್ತ ಇದರಾಗ ಏನೈತೋ? ಜ್ವಾಳಾ?" ಅಂದರು. ನಾವು ನಕ್ಕೆವು. ನಕ್ಕದ್ದು ಅದೇ ಕೊನೆ.

ಚಕ್ಕಡಿಯಿಂದ ಒಂದು ದಪ್ಪ ಹಲಗೆ ಬಂತು. ಅದರ ಮೇಲೆ ಜಾಕ್ ಕೂತದ್ದೇ ಕಾರು ಸಲೀಸಾಗಿ ಎದ್ದಿತು. ಅಷ್ಟರಲ್ಲಿ ಹಾಡು ನಿಂತಿತ್ತು. ಮಿಣುಕುತ್ತಿದ್ದ ನಾಲ್ಕು ದೀಪಗಳೂ ಮಂಕಾಗಿ, ಆಮೇಲೆ ಆರಿಯೇ ಹೋದವು. ಹಳೇ ಬ್ಯಾಟರಿ, ಅದನ್ನು ನಮ್ಮ ಸ್ಪೀಕರು ಹೀರಿ ಬಿಟ್ಟಿತ್ತು. ಕತ್ತಲೆ ಪೂರ್ತಿ ಇಳಿದಿತ್ತು. ನಾನು ಮೊಬೈಲಿನ ಬೆಳಕನ್ನು ಗಾಲಿಗೆ ಹಿಡಿದಿದ್ದೆ. ಬೆಳಕು ನಮಗಷ್ಟೇ, ರಸ್ತೆಗೆ ನಮ್ಮ ಬೆನ್ನು.

ಬೈಕಿನ ಸದ್ದು ಕೇಳಿದ್ದು ನೆನಪಿದೆ. ಬ್ರೇಕಿನ ಸದ್ದು ನೆನಪಿದೆ. ಹ್ಯಾಂಡಲ್ ಕಾರಿನ ಹಿಂಬದಿ ಮೂಲೆಗೆ ಬಡಿದು, ದೀಪದ ಗಾಜು ಒಡೆದು, ಬೈಕು ಅಡ್ಡ ಬಿತ್ತು. ಇಬ್ಬರು ಹುಡುಗರು. ಓಡಿಸುತ್ತಿದ್ದವನಿಗೆ ಮೊಣಕಾಲು ತರಚಿತ್ತು. ಹಿಂದೆ ಕೂತಿದ್ದವನ ಮುಂಗೈಯಿಂದ ರಕ್ತ ಬರುತ್ತಿರಲಿಲ್ಲ, ಸುರಿಯುತ್ತಿತ್ತು. ಹದಿನೆಂಟೋ ಹತ್ತೊಂಬತ್ತೋ ವಯಸ್ಸು. ಅವನ ಟೀ ಷರ್ಟಿನ ಮೇಲೆಯೂ ಒಬ್ಬ ಹೀರೋ ಇದ್ದ.

ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಲಿಲ್ಲವೇ ಅಂತೀರಾ? ಇತ್ತು ಸ್ವಾಮಿ! ಕಾರಿನ ಜೊತೆ ಬಂದದ್ದು, ಸ್ಪೀಕರಿನ ಅಡಿಯಲ್ಲಿ. ಸ್ಪೀಕರು ಬಿಚ್ಚದೆ ಕೈ ಹೋಗುವುದಿಲ್ಲ. ಅದರ ಪಕ್ಕದಲ್ಲೇ, ಪ್ಲಾಸ್ಟಿಕ್ ಕವರನ್ನೂ ಹರಿಯದ, ಕೆಂಪಗೆ ಹೊಳೆಯುವ ತ್ರಿಕೋನ. ಹೊಸ ಕಾರು ಮಾರುವಾಗ ಈ ಎರಡನ್ನೂ ಜೊತೆಗೆ ಕೊಡಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ. ನಮ್ಮ ಹುಡುಗರಲ್ಲಿ ಎಷ್ಟು ಜನ ಆ ತ್ರಿಕೋನದ ಕವರು ಹರಿದಿದ್ದೀರಿ, ಎದೆ ಮುಟ್ಟಿಕೊಂಡು ಹೇಳಿ. ಅದು ಕಾರಿನ ಹಿಂದೆ ಐವತ್ತು ಮೀಟರು ದೂರದಲ್ಲಿ, ಅಂದರೆ ಸುಮಾರು ಎಪ್ಪತ್ತು ಹೆಜ್ಜೆಯಲ್ಲಿ ನಿಂತಿದ್ದರೆ ಆ ಹುಡುಗನ ಕೈ ನೆಟ್ಟಗಿರುತ್ತಿತ್ತು. ಬ್ಯಾಟರಿ ಬೇಡ, ಇಂಜಿನ್ ಬೇಡ. ಬರುವ ಗಾಡಿಯ ಬೆಳಕು ಬಿದ್ದರೆ ಸಾಕು, ತಾನೇ ಉರಿಯುತ್ತದೆ.

ಅಜ್ಜ ತಮ್ಮ ಪಟಕಾ ಬಿಚ್ಚಿ ಮಡಿಚಿ ಗಾಯದ ಮೇಲಿಟ್ಟು, "ಒತ್ತಿ ಹಿಡಿ, ಬಿಡಬ್ಯಾಡ" ಅಂದರು. ನಾನು ಒತ್ತಿದೆ. ಗೆಳೆಯ 108ಕ್ಕೆ ಫೋನ್ ಹಚ್ಚಿದ. ಜಾಗ ಹೇಳಲು ಬರದೆ ತೊದಲಿದ. ಅಜ್ಜನೇ ಫೋನ್ ಕಸಿದುಕೊಂಡು ಗುರುತು ಹೇಳಿದರು. ಟಂಟಂನಲ್ಲಿ ಬಂದ ಒಬ್ಬರು ಇಳಿದು, "ಪೊಲೀಸ್ ಕೇಸ್ ಆಗತೈತ್ರಿ, ನಾವ್ಯಾಕ..." ಅಂತ ಮತ್ತೆ ಹತ್ತಿಕೊಂಡರು. ಅವರ ತಪ್ಪಲ್ಲ, ಎಲ್ಲರಿಗೂ ಇರುವ ಹೆದರಿಕೆಯೇ ಅದು. ಆದರೆ ತಿಳಿದಿರಲಿ: ಗಾಯಾಳುವಿಗೆ ನೆರವಾದವರಿಗೆ ತೊಂದರೆ ಕೊಡಬಾರದು ಅಂತ 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೇ 134ಎ ಕಲಂ ಸೇರಿದೆ. ಹೆಸರು ಹೇಳಿ ಅಂತ ನಿಮ್ಮನ್ನು ಬಲವಂತ ಮಾಡುವ ಹಾಗಿಲ್ಲ.

ನಾನು ಎರಡು ಸಲ ಬಟ್ಟೆ ಎತ್ತಿ, ನಿಂತಿತೇ ಅಂತ ನೋಡಿದೆ. ಎತ್ತಿದಾಗೆಲ್ಲ ಮತ್ತೆ ಸುರಿಯಿತು. ಆಸ್ಪತ್ರೆಯಲ್ಲಿ ನರ್ಸಮ್ಮ ಬೈದು ಹೇಳಿದ ಮೇಲೆ ಗೊತ್ತಾಯಿತು, ಎತ್ತಬಾರದಂತೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಇಟ್ಟು ಒತ್ತಬೇಕು, ಕೈ ಎತ್ತರಕ್ಕೆ ಹಿಡಿಯಬೇಕು. ಅರಿಶಿನ, ಚಹಾಪುಡಿ, ತಂಬಾಕು ಏನೂ ಮೆತ್ತಬಾರದು. ಒಳಗೆ ಗಾಜೋ ಕಬ್ಬಿಣವೋ ಚುಚ್ಚಿಕೊಂಡಿದ್ದರೆ ಕೀಳಬಾರದು, ಸುತ್ತಲೂ ಒತ್ತಬೇಕು.

ಹುಡುಗನಿಗೆ ಹೊಲಿಗೆ ಬಿದ್ದವು. ಬೆರಳು ಆಡುತ್ತಿವೆ ಅಂತ ಡಾಕ್ಟರು ಹೇಳುವವರೆಗೆ ನಾನು ಬೆಂಚಿನ ಮೇಲೆ ಕೂತಿದ್ದೆ. ಕೂತವನಿಗೆ ನೆನಪಾದದ್ದು ಶಂಕರಣ್ಣ. ನಮ್ಮೂರು ಆನಗೋಡಿಗೆ ಹತ್ತಿರ. 1990ರ ಸೆಪ್ಟೆಂಬರ್ 30ರಂದು ಶಂಕರ್‌ನಾಗ್ ಕಾರು ಅಪಘಾತಕ್ಕೆ ಸಿಕ್ಕಿದ್ದು ಅಲ್ಲೇ. ನಾನು ಹುಟ್ಟುವ ಮುಂಚಿನ ಮಾತು. ಆದರೆ ನಮ್ಮೂರ ಆಟೋಗಳ ಹಿಂದೆ ಇಂದಿಗೂ ಆ ಮುಖವೇ. ಅವರು ಹೊರಟಿದ್ದದ್ದು ಲೋಕಾಪುರಕ್ಕೆ, 'ಜೋಕುಮಾರಸ್ವಾಮಿ' ಶೂಟಿಂಗಿಗೆ. ಆ ಲೋಕಾಪುರ ಎಲ್ಲಿದೆ ಗೊತ್ತೇ? ಯರಗಟ್ಟಿಯಿಂದ ಬಾಗಲಕೋಟೆ ಕಡೆ ಹೋಗುವ ದಾರಿಯಲ್ಲಿ, ನಾನು ಕೂತಿದ್ದ ಬೆಂಚಿಗೆ ಏನೂ ದೂರವಲ್ಲ. ರಸ್ತೆಯಲ್ಲಿ ಗುದ್ದಿ ಹೋದವರ ಕಥೆಯನ್ನೇ 'ಆಕ್ಸಿಡೆಂಟ್' ಅಂತ ಸಿನಿಮಾ ಮಾಡಿ ರಾಷ್ಟ್ರ ಪ್ರಶಸ್ತಿ ತಂದವರು ಅವರು. ಅಭಿಮಾನಿಗಳಾದ ನಾವು ಅವರ ಚಿತ್ರ ಅಂಟಿಸಿದೆವು, ಹಾಡು ಹಾಕಿದೆವು, ತ್ರಿಕೋನವನ್ನು ಮಾತ್ರ ಕವರಿನಲ್ಲೇ ಬಿಟ್ಟೆವು.

ರಾತ್ರಿ ಅಜ್ಜನ ಮನೆಯಲ್ಲೇ ಉಳಿದೆವು. ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಬೈಯಲಿಲ್ಲ ಪುಣ್ಯಾತ್ಮ. ಬೆಳಿಗ್ಗೆ ಅಂಗಳಕ್ಕೆ ಕರೆದು, ಗುಡ್ಡಕ್ಕೆ ಹೊರಡಿಸುತ್ತಿದ್ದ ಇನ್ನೊಂದು ಚಕ್ಕಡಿ ತೋರಿಸಿದರು. ಕಟ್ಟಿಗೆ ಗಾಲಿಯ ಹಳೇ ಚಕ್ಕಡಿ. ಅಡಿಯಲ್ಲಿ ಹರಳೆಣ್ಣೆಯ ಕೊಳವೆ ನೇತಾಡುತ್ತಿದೆ, ಅಚ್ಚಿಗೆ ಹಾಕಲು. ಒಂದು ಚೀಲದಲ್ಲಿ ಎರಡು ಹೆಚ್ಚಿನ ಕಡಾಣಿ: ಗಾಲಿ ಕಳಚದಂತೆ ತಡೆಯುವ ಕಬ್ಬಿಣದ ಕೀಲು. ಹಗ್ಗ, ಕುಡಗೋಲು, ಹಲಗೆ, ಲಾಟೀನು, ಕಂಬಳಿ, ನೀರಿನ ತತ್ರಾಣಿ, ಬುತ್ತಿ ಗಂಟು.

"ಲಾಟೀನು ಹಿಂದ ಕಟ್ಟಬೇಕೋ ತಮ್ಮಾ. ಮುಂದ ಎತ್ತಿಗೆ ದಾರಿ ಗೊತ್ತಿರತೈತಿ. ಹಿಂದ ಬರಾವಗ ನಾವದೀವಿ ಅಂತ ಗೊತ್ತಾಗಬೇಕಲಾ."

ಇದನ್ನು ಅವರು ಬುದ್ಧಿವಾದದಂತೆ ಹೇಳಲಿಲ್ಲ. ಎಣ್ಣೆ ಹಾಕುತ್ತ, ಎತ್ತಿಗೆ ಮಾತಾಡಿದ ಹಾಗೆ ಹೇಳಿದರು. ನನಗೆ ತಟ್ಟಿದ್ದು ಅದಕ್ಕೇ ಇರಬೇಕು.

ಬೈಲಹೊಂಗಲದ ಪೇಟೆಗೆ ವಾಪಸ್ ಬಂದು ಒಂದೊಂದೇ ಕೊಂಡೆವು. ಮೊದಲು ಹಲಗೆ, ಸಾಮಿಲ್ಲಿನಲ್ಲಿ. ಒಂದೂವರೆ ಅಡಿ ಉದ್ದದ್ದು ಸಾಕು. ಎರೆ ಸೀಮೆಗೆ ಹೋಗುವವರಿಗೆ ಇದಿಲ್ಲದೆ ಜಾಕ್ ಇದ್ದೂ ಇಲ್ಲ. ಗಾಲಿಗೆ ಅಡ್ಡ ಇಡಲು ಎರಡು ಕಟ್ಟಿಗೆ ತುಂಡನ್ನು ಆತ ಪುಕ್ಕಟೆ ಕೊಟ್ಟ. ಆಮೇಲೆ ನೈಲಾನ್ ಹಗ್ಗ, ಸೆಲ್ ಹಾಕುವ ಟಾರ್ಚು. ಸೆಲ್ಲನ್ನು ಹೊರಗೆ ತೆಗೆದಿಡಿ, ಒಳಗೇ ಬಿಟ್ಟರೆ ಸೋರಿ ಟಾರ್ಚು ಹಾಳು. ಬ್ಯಾಟರಿಗೆ ಬ್ಯಾಟರಿ ಜೋಡಿಸುವ ದಪ್ಪ ವೈರು ಒಂದು ಜೊತೆ. ಮೆಕ್ಯಾನಿಕ್ ಹೇಳಿಕೊಟ್ಟ ಕ್ರಮ ಹೀಗೆ: ಕೆಂಪು ವೈರಿನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಜೀವ ಇರುವ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ವೈರು ಮೊದಲು ಜೀವ ಇರುವ ಬ್ಯಾಟರಿಯ ಮೈನಸ್ಸಿಗೆ. ಕೊನೇ ತುದಿ ಮಾತ್ರ ಸತ್ತ ಬ್ಯಾಟರಿಗಲ್ಲ, ಅದರಿಂದ ದೂರ, ಆ ಕಾರಿನ ಇಂಜಿನ್ನಿನ ಬರಿಯ ಲೋಹಕ್ಕೆ. ಕಿಡಿ ಹಾರಿದರೆ ಬ್ಯಾಟರಿಯ ಹತ್ತಿರ ಹಾರಬಾರದು.

ಔಷಧಿ ಅಂಗಡಿಯಲ್ಲಿ ಹಳೇ ಪೆಟ್ಟಿಗೆ ತೆರೆದು ತೋರಿಸಿದರೆ ಅಂಗಡಿಯವರು ನಕ್ಕರು. ಎರಡು ಬೆರಳಗಲದ ಪಟ್ಟಿ, ಅವಧಿ ಮುಗಿದ ಮುಲಾಮು. ದೊಡ್ಡ ಗಾಜ್ ಬಟ್ಟೆ, ಅಗಲದ ರೋಲರ್ ಬ್ಯಾಂಡೇಜು, ಕೈಗವಸು, ಕತ್ತರಿ, ಓಆರ್‌ಎಸ್ ಪುಡಿ ತೆಗೆದುಕೊಂಡೆವು. ಗುಳಿಗೆಗಳನ್ನು ಕಾರಲ್ಲಿಡಬೇಡಿ ಅಂದರು. ನಮ್ಮ ಬೇಸಿಗೆಗೆ ಮುಚ್ಚಿದ ಕಾರು ಒಲೆಯಿದ್ದಂತೆ. ನೀರಿನ ಡಬ್ಬಿ ಎರಡು, ಒಂದು ನಮಗೆ, ಒಂದು ರೇಡಿಯೇಟರಿಗೆ. ಇಂಜಿನ್ ಬಿಸಿ ಇದ್ದಾಗ ಅದರ ಮುಚ್ಚಳ ತೆಗೆಯುವುದು ಸಿನಿಮಾದಲ್ಲಿ ಚೆಂದ, ನಿಜದಲ್ಲಿ ಮುಖ ಬೇಯುತ್ತದೆ. ಪೆಟ್ರೋಲನ್ನು ಬಾಟಲಿಯಲ್ಲಿ ತುಂಬಿ ಡಿಕ್ಕಿಯಲ್ಲಿಡುವ ಶೂರರೂ ನಮ್ಮಲ್ಲಿದ್ದಾರೆ. ಅವರಿಗೆ ನಾನು ಕೈ ಮುಗಿಯುತ್ತೇನೆ, ದೂರದಿಂದ.

ಸ್ಟೆಪ್ನಿಗೂ ಗಾಳಿ ಹಿಡಿಸಿದೆವು. ಅದರಲ್ಲಿ ಇದ್ದದ್ದು ಅರ್ಧ! ಹಲಗೆ ಸಿಕ್ಕರೂ ಆ ರಾತ್ರಿ ದೂರ ಹೋಗುತ್ತಿರಲಿಲ್ಲ ನಾವು. ಹೊಸ ಕಾರಿನವರಿಗೆ ಇನ್ನೊಂದು ಮಾತು. 2020ರ ಅಕ್ಟೋಬರಿನಿಂದ, ಟೈರಿನ ಗಾಳಿ ತಿಳಿಸುವ ವ್ಯವಸ್ಥೆಯೂ ಪಂಕ್ಚರ್ ಮುಚ್ಚುವ ಕಿಟ್ಟೂ ಇದ್ದರೆ ಸ್ಟೆಪ್ನಿ ಇಲ್ಲದೆಯೇ ಕಾರು ಮಾರಬಹುದು. ಕೊಳ್ಳುವ ಮುಂಚೆ ಡಿಕ್ಕಿ ತೆಗೆಸಿ ನೋಡಿ. ಮೊಳೆ ಚುಚ್ಚಿದ್ದಕ್ಕೆ ಆ ಅಂಟು ಸಾಕು, ಟೈರಿನ ಪಕ್ಕೆ ಸೀಳಿದರೆ ಆಗುವುದಿಲ್ಲ.

ಎಲ್ಲ ಸೇರಿ ಸ್ಪೀಕರಿನ ಬೆಲೆಯ ಅರ್ಧವೂ ಆಗಲಿಲ್ಲ. ತ್ರಿಕೋನದ ಕವರನ್ನು ಗೆಳೆಯನೇ ಹಲ್ಲಿನಿಂದ ಕಚ್ಚಿ ಹರಿದ.

ಊರು ಬಿಡುವ ಮುಂಚೆ ಆ ಹುಡುಗನ ಮನೆಗೆ ಹೋದೆವು. ಅವನ ತಾಯಿ ಚಹಾ ಕೊಟ್ಟರು. ಬೈದಿದ್ದರೆ ಹಗುರಾಗುತ್ತಿತ್ತು. "ನಮ್ಮ ಹುಡುಗನೂ ಜೋರ ಬಂದಿದ್ನಂತ್ರಿ" ಅಂದರು. ಹುಡುಗ ಮಾತ್ರ ಕಟ್ಟಿದ ಕೈ ಎದೆಗೆ ಹಿಡಿದು, ಕಿಟಕಿಯಿಂದ ನಮ್ಮ ಕಾರಿನ ಹಿಂದಿನ ಗಾಜು ನೋಡುತ್ತಿದ್ದ. "ಅಣ್ಣಾ, ನೀವೂ ಅವರ ಫ್ಯಾನಾ?" ಅಂದ. ನಾನು ಹೂಂ ಅಂದೆ. ಮುಂದೇನು ಹೇಳಬೇಕೋ ತಿಳಿಯಲಿಲ್ಲ.

ವಾಡೆ ನೋಡುವುದು ಹಾಗೇ ಉಳಿಯಿತು. ಇನ್ನೊಮ್ಮೆ ಹೋಗಬೇಕು, ಹಗಲಿನಲ್ಲಿ. ಅಜ್ಜನಿಗೊಂದು ಹೊಸ ಪಟಕಾ ಕೊಂಡಿಟ್ಟಿದ್ದೇನೆ. ಸ್ಪೀಕರು ಗೆಳೆಯನ ಅಂಗಡಿಯಲ್ಲಿ ಕೂತಿದೆ, ಡಿಕ್ಕಿಯಲ್ಲಿ ಅದಕ್ಕೀಗ ಜಾಗ ಇಲ್ಲ.