ಸೊಲ್ಲಾಪುರದ ಒಂದು ಖಾನಾವಳಿಯಲ್ಲಿ

ಸಂಕ್ರಮಣ ಕಳೆದು ನಾಲ್ಕು ದಿನಗಳಾಗಿದ್ದವು. ಪುಣೆಯಿಂದ ಬಂದಿದ್ದ ಮಗಳಿಗೂ ಏಳು ವರ್ಷದ ಮೊಮ್ಮಗನಿಗೂ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಯನ್ನು ತೋರಿಸೋಣವೆಂದು ನಾವು ಮನೆಯವರೊಡನೆ ಅಕ್ಕಲಕೋಟದಲ್ಲಿ ಎಸ್.ಟಿ. ಬಸ್ಸು ಹತ್ತಿದೆವು. ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರಿನ ದಾರಿ. ವಳಸಂಗದ ಆಚೀಚೆ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ತೆನೆಗಟ್ಟಿ ನಿಂತಿತ್ತು, ಸೀತನಿಯ ಕಾಲ. ಕಿಟಕಿಗೆ ಮುಖವಿಟ್ಟಿದ್ದ ಮೊಮ್ಮಗ, ಅದೇನೆಂದು ಮರಾಠಿಯಲ್ಲಿ ಕೇಳಿದ. “ಜೋಳ” ಎಂದೆವು. ಅವನು ಸುಮ್ಮನೆ ನಮ್ಮ ಮುಖ ನೋಡಿದ. ತಾಯಿ “ಜ್ವಾರಿ” ಎಂದ ಬಳಿಕವೇ ಅವನಿಗೆ ತಿಳಿದದ್ದು.

ವಾಚಕರು ನಗಬಾರದು. ಜೂನ್ ತಿಂಗಳು ಬಂತೆಂದರೆ, ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿರೆಂದು ಊರಿನಲ್ಲಿ ಮನೆ ಮನೆ ತಿರುಗುವವರು ನಾವೇ. ಮಗಳು ನಮ್ಮ ಶಾಲೆಯಲ್ಲಿಯೇ ಕಲಿತವಳು. ಉದ್ಯೋಗ ಅವಳನ್ನು ಪುಣೆಗೆ ಒಯ್ದಿತು. ಮಗನನ್ನು ಆ ಊರಿನ ಶಾಲೆ ಒಯ್ದಿತು. ಯಾರನ್ನು ದೂರೋಣ?

ಗುಡಿಯಲ್ಲಿ ಏಳು ನಂದಿಕೋಲುಗಳ ಮೆರವಣಿಗೆ ಮುಗಿದಿದ್ದರೂ ಜನಜಂಗುಳಿ ಕರಗಿರಲಿಲ್ಲ. ಕೆರೆಯ ನಡುವಿನ ಆ ಗುಡಿಯ ಮುಂದೆ ನಿಂತು, ಹನ್ನೆರಡನೆಯ ಶತಮಾನದಲ್ಲಿ ಈ ಊರಿಗೆ ಸೊನ್ನಲಿಗೆ ಎಂಬ ಹೆಸರಿತ್ತೆಂದೂ, ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಸಿದ್ಧರಾಮರು ಕನ್ನಡದಲ್ಲಿ ವಚನಗಳನ್ನು ನುಡಿದರೆಂದೂ ಮೊಮ್ಮಗನಿಗೆ ಹೇಳತೊಡಗಿದೆವು. ಅವನ ಕಣ್ಣು ತಿರುಗುವ ತೊಟ್ಟಿಲಿನ ಮೇಲಿತ್ತು. ಹಸಿವೂ ಆಗಿತ್ತು.

ಮನೆಯವರು ಬೆಳಗಿನ ಜಾವದಲ್ಲಿಯೇ ಎದ್ದು ಬುತ್ತಿ ಕಟ್ಟಲು ಹೊರಟಿದ್ದರು. ಮಗಳು ಬಿಟ್ಟಿರಲಿಲ್ಲ. “ಇವತ್ತೊಂದು ದಿನಾ ಒಲಿ ಮುಂದ ಕೂಡಬ್ಯಾಡವ್ವಾ” ಎಂದು ಹಿಟ್ಟಿನ ಡಬ್ಬಿಯನ್ನೇ ಕಸಿದುಕೊಂಡಿದ್ದಳು. ಆದಕಾರಣ ನಾವು ಖಾನಾವಳಿಯನ್ನು ಅರಸಿ ಹೊರಟೆವು.

ಸೊಲ್ಲಾಪುರಕ್ಕೆ ಖಾನಾವಳಿ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಲ್ಲಿ ನೂಲಿನ ಗಿರಣಿಗಳು ಎದ್ದವು. ಹಳ್ಳಿಗಳಿಂದ ಒಬ್ಬಂಟಿಯಾಗಿ ದುಡಿಯಲು ಬಂದ ಗಂಡಸರಿಗೆ ತಿಂಗಳ ಲೆಕ್ಕದಲ್ಲಿ ಊಟ ಹಾಕುವ ಮನೆಗಳು ಬೇಕಾದವು. ಗಿರಣಿಯ ಭೋಂಗಾ ನಿಂತು ಬಹಳ ಕಾಲವಾಯಿತು, ಖಾನಾವಳಿಗಳು ಮಾತ್ರ ಉಳಿದವು. ಶಿಕ್ಷಕರ ತರಬೇತಿಗೆಂದು ಈ ಪಟ್ಟಣದಲ್ಲಿದ್ದ ಎರಡು ವರ್ಷ ನಾವೂ ಅಂಥದೊಂದು ಮನೆಯಲ್ಲಿ ಉಂಡವರೇ. ಉದ್ದನೆಯ ಬಾಕು, ಗೋಡೆಗೆ ಮುಖ, ಮಾತಿಲ್ಲದ ಊಟ. ಹೆಂಗಸರೆಂದರೆ ಒಳಗೆ ರೊಟ್ಟಿ ಬಡಿಯುವ ಸಪ್ಪಳ ಮಾತ್ರ. ಹೊರಗೆ ಕುಳಿತು ಉಣ್ಣುವ ಹೆಂಗಸನ್ನು ಆ ಎರಡು ವರ್ಷಗಳಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ಈಗ ನಾವು ಹೊಕ್ಕ ಖಾನಾವಳಿಯ ಬಾಗಿಲಲ್ಲಿ ‘ಫ್ಯಾಮಿಲಿ ರೂಮ್’ ಎಂದು ದೇವನಾಗರಿಯಲ್ಲಿ ಬರೆದಿತ್ತು. ಮಕ್ಕಳು ಮರಿ, ಮುದುಕರು, ಜಾತ್ರೆಗೆ ಬಂದ ಸಂಸಾರಗಳು ಎಲ್ಲವೂ ಅಲ್ಲಿದ್ದವು. ಮನೆಯವರು ಸೆರಗು ಸರಿಪಡಿಸಿಕೊಂಡು ಬಾಕಿನ ತುದಿಗೆ ಕುಳಿತರು. ಅಕ್ಕಲಕೋಟದ ಅನ್ನಛತ್ರದಲ್ಲಿ ಅವರು ಪಂಕ್ತಿಗೆ ಕುಳಿತದ್ದುಂಟು. 1878ರಲ್ಲಿ ಸಮಾಧಿಸ್ಥರಾದ ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದ ನೆಂಟರನ್ನು, 1988ರಲ್ಲಿ ಆರಂಭವಾದ ಆ ಅನ್ನಛತ್ರಕ್ಕೆ ಕರೆದೊಯ್ಯುವುದು ನಮ್ಮ ಕಡೆಯ ರೂಢಿ. ಆದರೆ ಅದು ಪ್ರಸಾದ. ದುಡ್ಡು ಕೊಟ್ಟು ರೊಟ್ಟಿ ತಿನ್ನುವುದೆಂದರೆ ಅವರಿಗೆ ಸಂಕೋಚ.

ತಾಟು ಬಂದಿತು. ತುಂಬಿದ ಬದನೆಕಾಯಿಯ ಎಣ್ಣೆಗಾಯಿ, ಝುಣಕ, ಮಡಿಕೆ ಕಾಳಿನ ಪಲ್ಯ, ಹಸಿ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ಮೊಸರು. ಅಂಚಿನಲ್ಲಿ ಗುರೆಳ್ಳಿನ ಹಿಂಡಿ, ಅಗಸಿಯ ಹಿಂಡಿ ಮತ್ತು ಈ ಊರಿನ ಹೆಸರು ಹೊತ್ತು ದೇಶ ತಿರುಗುವ ಶೇಂಗಾ ಹಿಂಡಿ. ಹುರಿದ ಶೇಂಗಾ, ಕೆಂಪು ಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಇಷ್ಟೇ ಅದರ ಗುಟ್ಟು. ಆದರೆ ಒರಳಿನಲ್ಲಿ ಎಣ್ಣೆ ಒಸರುವವರೆಗೆ ಕುಟ್ಟಬೇಕು. ಮಿಕ್ಸರಿನಲ್ಲಿ ತಿರುವಿದ್ದು ಪುಡಿಯಾಗುತ್ತದೆ, ಹಿಂಡಿಯಾಗುವುದಿಲ್ಲ.

ಜೋಳದ ವಿಷಯದಲ್ಲಿ ನಾವು ತುಸು ಹಟವಾದಿಗಳು. ಮಳೆ 500-600 ಮಿಲಿಮೀಟರು ಬಿದ್ದರೆ ಹೆಚ್ಚು ಎನ್ನುವ ಈ ಸೀಮೆಯಲ್ಲಿ, ಮಳೆಗಾಲದ ಕೊನೆಗೆ ಬಿತ್ತಿದ ಜೋಳ ಎರೆ ಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ಬೆಳೆದು ನಿಲ್ಲುತ್ತದೆ. ಮಾಲದಂಡಿಯಿಂದ ಆರಿಸಿ ತೆಗೆದ ‘ಎಂ 35-1’ ತಳಿ ಹೊರಬಿದ್ದದ್ದು ಇದೇ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ, ಮಗಳ ಮಾತಿನಂತೆ, ಪುಣೆಯವರಿಗೂ ಜೋಳದ ಮೇಲೆ ಪ್ರೀತಿ ಬಂದಿದೆಯಂತೆ. ಬರಲಿ, ಒಳ್ಳೆಯದೇ.

ಬಡಿಸುವ ಹುಡುಗ ಮರಾಠಿಯಲ್ಲಿ ‘ಭಾಕರಿ’ ಎಂದು ಕೇಳುತ್ತಿದ್ದ. ಒಳಬಾಗಿಲಿಗೆ ಹೋಗಿ “ನಾಕು ಬಿಸಿ ರೊಟ್ಟಿ ಕೊಡವ್ವಾ” ಎಂದು ಕೂಗುತ್ತಿದ್ದ. 1956ರ ಪುನರ್ವಿಂಗಡಣೆ, ಅಕ್ಕಲಕೋಟ ತಾಲೂಕು ಮೈಸೂರಿಗೆ ಸೇರಬೇಕೆಂದ 1967ರ ಮಹಾಜನ ವರದಿ, ಇವೆಲ್ಲ ನಮ್ಮ ಮನೆಯ ಜಗಲಿಯ ಮೇಲೆ ದಿನವೂ ಆಗುವ ಮಾತು. ಈ ಹುಡುಗನಿಗೆ ಮಾತ್ರ ಅಡಿಗೆಮನೆಯ ಹೊಸ್ತಿಲೇ ಗಡಿ. ಗಳಿಗೆಗೊಮ್ಮೆ ಅದನ್ನು ದಾಟುತ್ತಿದ್ದ.

ಮನೆಯವರು ಮೊದಲ ರೊಟ್ಟಿಯನ್ನು ಮುರಿದು ಉಗಿ ಏಳುವುದನ್ನು ನೋಡುತ್ತ ಸ್ವಲ್ಪ ಹೊತ್ತು ತಿನ್ನದೆ ಕುಳಿತರು. ರುಚಿಯಿಲ್ಲವೇ ಎಂದು ಕೇಳಿದೆವು. “ಬಿಸಿ ಐತಿ” ಎಂದರಷ್ಟೇ. ಮದುವೆಯಾಗಿ ಮೂವತ್ತು ವರ್ಷಗಳು ಮಿಕ್ಕಿವೆ. ಹಂಚಿನಿಂದ ಇಳಿದ ರೊಟ್ಟಿ ನೇರವಾಗಿ ನಮ್ಮ ತಾಟಿಗೆ, ಬಳಿಕ ಮಕ್ಕಳ ತಾಟಿಗೆ ಬೀಳುತ್ತಿತ್ತು. ರೊಟ್ಟಿ ಬಡಿದವರು ಕೊನೆಗೆ ಕೂಡುವಾಗ ಒಲೆಯೂ ಆರಿರುತ್ತಿತ್ತು, ರೊಟ್ಟಿಯೂ ಆರಿರುತ್ತಿತ್ತು. ತಾಟಿನ ಮೇಲಿನ ನಮ್ಮ ಕೈ ಆ ಹೊತ್ತಿಗೆ ತಾನಾಗಿಯೇ ನಿಂತಿತು. ಮಕ್ಕಳಿಗೆ ಎಷ್ಟೋ ಪಾಠ ಹೇಳಿದವರು, ಇದೊಂದನ್ನು ಈವರೆಗೆ ಗಮನಿಸಿರಲಿಲ್ಲ.

ಇತ್ತ ಮೊಮ್ಮಗ ತಾಟು ಬಿಟ್ಟು ಒಳಬಾಗಿಲಲ್ಲಿ ನಿಂತಿದ್ದ. ರೊಟ್ಟಿಗೆ ಮೇಲಿನಿಂದ ನೀರು ಸವರುವುದು, ಮಗುಚುವುದು, ಬೆಂಕಿಯ ಮೇಲೆ ಅದು ಉಬ್ಬುವುದು ಅವನಿಗೆ ಜಾತ್ರೆಯ ತೊಟ್ಟಿಲಿಗಿಂತ ಮಿಗಿಲಾಗಿ ತೋರಿತು. ರೊಟ್ಟಿ ಬಡಿಯುವಾಕೆ ಹೊಸದೊಂದು ರೊಟ್ಟಿಯನ್ನು ತಾಟಿನಲ್ಲಿಟ್ಟು, “ನಿಮ್ಮ ಆಯಿಗೆ ಒಯ್ದು ಕೊಡಪ್ಪಾ” ಎಂದಳು. ಅವನು ಎರಡೂ ಕೈಯಲ್ಲಿ ತಾಟು ಹಿಡಿದು ಬಂದು ತನ್ನ ತಾಯಿಯ ಮುಂದಿಟ್ಟ! ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನಮ್ಮ ಮನೆಗಳಲ್ಲಿ ಅಜ್ಜಿ. ಮಗಳು ನಗುತ್ತ ತಾಟನ್ನು ಅಜ್ಜಿಯ ಕಡೆ ಸರಿಸಿ, “ಇಲ್ಲಿ ಆಯಿ ಅಂದ್ರ ಇವರು” ಎಂದಳು. ಹುಡುಗನಿಗೆ ಇದು ಆಟವಾಯಿತು. ತಾಟಿನಲ್ಲಿದ್ದ ಒಂದೊಂದನ್ನೂ ಬೆರಳಿಟ್ಟು ಎರಡೆರಡು ಹೆಸರು ಕೇಳತೊಡಗಿದ. ಮನೆಯವರು ಉಣ್ಣುತ್ತಲೇ ಉತ್ತರ ಹೇಳಿದರು. ನಾವು ನಡುವೆ ಬಾಯಿ ಹಾಕಲಿಲ್ಲ.

ಕೈ ತೊಳೆದ ಮೇಲೆ ಮನೆಯವರು ಒಳಗೆ ಹೋದವರು ಬೇಗ ಬರಲಿಲ್ಲ. ಆಕೆಯ ತವರು ಅಕ್ಕಲಕೋಟ ತಾಲೂಕಿನದೇ ಒಂದು ಹಳ್ಳಿಯಂತೆ. ಬೆಳಗಿನಿಂದ ಎಷ್ಟು ರೊಟ್ಟಿ ಬಡಿಯುತ್ತೀ, ಭುಜ ನೋಯುವುದಿಲ್ಲವೇ, ನೀನು ಉಣ್ಣುವುದು ಎಷ್ಟು ಹೊತ್ತಿಗೆ ಎಂದೆಲ್ಲ ವಿಚಾರಿಸಿದರಂತೆ. ಕೊನೆಯ ಪ್ರಶ್ನೆಗೆ ಆಕೆ ನಕ್ಕಳಂತೆ, ಉತ್ತರ ಹೇಳಲಿಲ್ಲವಂತೆ.

ಹೊರಡುವಾಗ ಅರ್ಧ ಕಿಲೋ ಶೇಂಗಾ ಹಿಂಡಿ ಕಟ್ಟಿಸಿಕೊಂಡೆವು. ಬಸ್ಸಿನಲ್ಲಿ ಮೊಮ್ಮಗ ಪೊಟ್ಟಣದ ಮೇಲಿನ ದೇವನಾಗರಿ ಅಕ್ಷರಗಳನ್ನು ಓದಿದ: “ಶೇಂಗಾ ಚಟಣಿ.” ತುಸು ತಡೆದು, ಅಜ್ಜಿಯ ಮುಖ ನೋಡಿ, “ಹಿಂಡಿ” ಎಂದ. ಕುಂಭಾರಿ ದಾಟುವಷ್ಟರಲ್ಲಿ ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದ.